ಸ್ಟುಟ್‌ಗಾರ್ಟ್‌ನಲ್ಲಿ ಮೆಟ್ಟಿಲು ಗುಡಿಸುವ ವಾರ

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಹೊಸ ಮನೆಗೆ ಬಂದು ಎರಡು ವಾರ ಆಗಿತ್ತು. ಒಂದು ಸೋಮವಾರ ಸಂಜೆ ಬಾಗಿಲು ತೆಗೆದರೆ ಹೊರಗಿನ ಹಿಡಿಕೆಗೆ ಅಂಗೈಯಗಲದ ಮರದ ಫಲಕ ನೇತುಹಾಕಿದ್ದರು. ಅದರ ಮೇಲೆ ಒಂದೇ ಪದ, ಕೇರ್‌ವೊಖೆ. ಮೊಬೈಲ್‌ನಲ್ಲಿ ಹುಡುಕಿದೆ. ಕೇರನ್ ಅಂದರೆ ಗುಡಿಸುವುದು, ವೊಖೆ ಅಂದರೆ ವಾರ. ಏನು ಗುಡಿಸಬೇಕು, ಎಲ್ಲಿಂದ ಎಲ್ಲಿವರೆಗೆ, ಗೊತ್ತಾಗಲಿಲ್ಲ. ನನ್ನ ಗಂಡ ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ಫಲಕ ಕೈಯಲ್ಲಿ ಹಿಡಿದುಕೊಂಡೇ ಕೆಳಗಿನ ಮನೆಯ ಬೆಲ್ ಒತ್ತಿದೆ.

ಬಾಗಿಲು ತೆಗೆದವರು ಎಂಬತ್ತರ ಹತ್ತಿರದ ಅಜ್ಜಿ. ನನಗೆ ಆಗ ಬರುತ್ತಿದ್ದ ಜರ್ಮನ್ ನಾಲ್ಕೈದು ಮಾತು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಫಲಕ ನೋಡಿದವರೇ ಒಳಗೆ ಹೋಗಿ ಉದ್ದ ಹಿಡಿಯ ಪೊರಕೆ, ಕಸ ತುಂಬುವ ತಟ್ಟೆ, ಬಕೆಟ್ಟು ತಂದರು. ಕಂಬಿ ಹಿಡಿದುಕೊಂಡು ನಮ್ಮ ಮಹಡಿವರೆಗೂ ಹತ್ತಿ ಬಂದರು. ಮೇಲಿನ ಮೆಟ್ಟಿಲಿನಿಂದ ಶುರು ಮಾಡಿ ಒಂದೊಂದಾಗಿ ಗುಡಿಸಿ ತೋರಿಸಿದರು. ಮೂಲೆ ಬಂದಾಗ ಪೊರಕೆಯನ್ನು ಸ್ವಲ್ಪ ಓರೆ ಮಾಡಿ ಧೂಳನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಒದ್ದೆ ಬಟ್ಟೆ. ಕೊನೆಗೆ ಕಂಬಿ, ಕಿಟಕಿಯ ಕಟ್ಟೆ.

ದಾವಣಗೆರೆಯಲ್ಲಿ ನಮ್ಮಮ್ಮ ಈಗಲೂ ಐದೂವರೆಗೆ ಎದ್ದು ಬಾಗಿಲ ಮುಂದೆ ಕಸ ಹೊಡೆದು, ನೀರು ಹಾಕಿ, ರಂಗೋಲಿ ಬಿಡುತ್ತಾರೆ. ಹೊಸ್ತಿಲ ಪಕ್ಕದ ಮೂಲೆಗೆ ಬಂದಾಗ ಅವರೂ ಪೊರಕೆ ಹಾಗೇ ಓರೆ ಮಾಡುತ್ತಾರೆ. ಈ ದೇಶಕ್ಕೆ ಬಂದ ಮೇಲೆ ಯಾರೂ ಬಿಡಿಸಿ ಹೇಳದೆ ನನಗೆ ಅರ್ಥವಾದ ಮೊದಲ ಕೆಲಸ ಅದು.

ಸ್ಟುಟ್‌ಗಾರ್ಟ್ ಇರುವ ಶ್ವಾಬಿಯಾ ಸೀಮೆಯಲ್ಲಿ ಇದು ಹಳೇ ಪದ್ಧತಿ. 1492ರ ನಗರದ ಕಟ್ಟಳೆಯಿಂದಲೇ ಬಂದದ್ದು ಅಂತ ಇಲ್ಲಿಯವರು ಹೇಳುತ್ತಾರೆ. 1988ರಲ್ಲಿ ನಗರಾಡಳಿತ ಇದರ ಕಡ್ಡಾಯವನ್ನು ತೆಗೆಯಿತು. ಬಾಡಿಗೆ ಕರಾರುಗಳಲ್ಲಿ ಮಾತ್ರ ಹಾಗೇ ಉಳಿದುಕೊಂಡಿದೆ. ಇದರಲ್ಲಿ ಚಿಕ್ಕದು, ದೊಡ್ಡದು ಅಂತ ಎರಡು ಬಗೆ. ಚಿಕ್ಕದಾದರೆ ನಿಮ್ಮ ಮಹಡಿಯ ಮೆಟ್ಟಿಲು, ಎದುರುಮನೆಯವರ ಜೊತೆ ವಾರ ಬಿಟ್ಟು ವಾರ. ದೊಡ್ಡದಾದರೆ ನೆಲಮಾಳಿಗೆ, ಕಸದ ಡಬ್ಬಗಳ ಜಾಗ, ಕಟ್ಟಡದ ಮುಂದಿನ ಕಾಲುದಾರಿ. ಹಿಮ ಬಿದ್ದರೆ ಅದನ್ನು ಬೆಳಿಗ್ಗೆ ಏಳರೊಳಗೆ ಬಳಿದು ದಾರಿ ಮಾಡಿಕೊಡಬೇಕು. ಬಾಡಿಗೆ ಕೊಟ್ಟೂ ಮೆಟ್ಟಿಲು ಯಾಕೆ ಗುಡಿಸಬೇಕು ಅಂತ ನಮ್ಮವರು ಕೆಲವರು ಬೇಸರ ಮಾಡಿಕೊಳ್ಳುತ್ತಾರೆ. ನನಗೆ ಹಾಗೆ ಅನ್ನಿಸಲೇ ಇಲ್ಲ. ಈ ಕಟ್ಟಡದ ಆರು ಮನೆಯವರ ಮುಖ ಪರಿಚಯ ಆಗಿದ್ದೇ ಪೊರಕೆ ಹಿಡಿದು ನಿಂತಾಗ. ದಾಟಿ ಹೋಗುವವರು ಸುಮ್ನೆ ಹೋಗುವುದಿಲ್ಲ. ಗ್ರ್ಯೂಸ್ ಗಾಟ್ ಅಂತಾರೆ, ಒಂದು ಮಾತಾಡಿಯೇ ಹೋಗುತ್ತಾರೆ.

ಅದಕ್ಕೆ ಮುಂಚಿನ ಎರಡು ವಾರ ಬರೀ ಕಾಗದಪತ್ರ. ನಾವು ಬಂದಿದ್ದು 2022ರ ನವೆಂಬರ್‌ನಲ್ಲಿ. ಇದು ಕಾರು ಮತ್ತು ಕಾರಿನ ಬಿಡಿಭಾಗ ಮಾಡುವ ಕಂಪನಿಗಳ ಊರು. ಅವುಗಳ ದೊಡ್ಡ ಆಫೀಸುಗಳು ಬೆಂಗಳೂರಲ್ಲೂ ಇರುವುದರಿಂದ ಕನ್ನಡದವರು ಬಂದು ಹೋಗುವುದು ನಡೆದೇ ಇದೆ. "ಮೊದಲು ಆನ್‌ಮೆಲ್ಡುಂಗ್ ಮಾಡಿಸಿ, ಮಿಕ್ಕಿದ್ದೆಲ್ಲ ಆಮೇಲೆ" ಅಂತ ಎಲ್ಲರೂ ಹೇಳಿದ್ದರು. ಅಂದರೆ ಮನೆಗೆ ಬಂದ ಎರಡು ವಾರದೊಳಗೆ ವಿಳಾಸವನ್ನು ನಗರದ ಕಚೇರಿಯಲ್ಲಿ ನೋಂದಾಯಿಸುವುದು. ಬಾಡಿಗೆ ಕರಾರು ತೋರಿಸಿದರೆ ಸಾಲದು, ಇವರು ನಮ್ಮ ಮನೆಯಲ್ಲಿದ್ದಾರೆ ಅಂತ ಮಾಲೀಕರು ಸಹಿ ಮಾಡಿದ ಬೇರೆ ಪತ್ರವೇ ಬೇಕು. ಕೀ ತೆಗೆದುಕೊಳ್ಳುವ ದಿನವೇ ಅದನ್ನು ಕೇಳಿ ಇಸಿದುಕೊಳ್ಳಿ. ನೋಂದಣಿ ಆದಮೇಲೆ 11 ಅಂಕಿಯ ತೆರಿಗೆ ನಂಬರ್ ಅಂಚೆಯಲ್ಲಿ ಬರುತ್ತದೆ.

ಈ ಅಂಚೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಇಲ್ಲಿ ವಿಳಾಸದಲ್ಲಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ರಸ್ತೆ, ಕಟ್ಟಡದ ನಂಬರ್, ನಿಮ್ಮ ಹೆಸರು, ಅಷ್ಟೇ. ಅಂಚೆಯವರು ಕೆಳಗಿನ ಡಬ್ಬಗಳ ಮೇಲಿರುವ ಹೆಸರು ನೋಡಿ ಕಾಗದ ಹಾಕುತ್ತಾರೆ. ಹೆಸರು ಇಲ್ಲದಿದ್ದರೆ ವಾಪಸ್. ನಮ್ಮ ಡಬ್ಬದ ಮೇಲೆ ಗಂಡನ ಕೊನೆಯ ಹೆಸರು ಮಾತ್ರ ಇತ್ತು. ನನ್ನ ಪಾಸ್‌ಪೋರ್ಟ್‌ನಲ್ಲಿ ಕೊನೆಗೆ ಇರುವುದು ನಮ್ಮಪ್ಪನ ಹೆಸರು. ನಮ್ಮ ಕಡೆ ಮನೆತನದ ಹೆಸರು ಇಟ್ಟುಕೊಳ್ಳದವರೇ ಜಾಸ್ತಿ ಅಲ್ವಾ, ಅದು ನನಗೆ ಹೊಳೆಯಲೇ ಇಲ್ಲ. ಆರೋಗ್ಯ ವಿಮೆಯ ಕಾರ್ಡು, ಬ್ಯಾಂಕಿನ ಕಾರ್ಡು, ಅದರ ಪಿನ್ ಇರುವ ಇನ್ನೊಂದು ಲಕೋಟೆ, ಎಲ್ಲವೂ ಕಳಿಸಿದವರಿಗೇ ತಿರುಗಿ ಹೋದವು. ಒಂದು ತಿಂಗಳು ಕಾದೆವು. ಕೊನೆಗೆ ಬ್ಯಾಂಕಿನವರು ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, "ಡಬ್ಬದ ಮೇಲೆ ನಿಮ್ಮ ಹೆಸರಿದೆಯಾ?" ಅವತ್ತೇ ಇಬ್ಬರ ಹೆಸರನ್ನೂ ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಒಂದು ಪಟ್ಟಿಯಲ್ಲಿ ಬರೆದು ಅಂಟಿಸಿದೆ. ಬೆಲ್‌ನ ಪಕ್ಕದಲ್ಲೂ ಅಂಟಿಸಿದೆ. ದಾವಣಗೆರೆ ಕಂಡೇ ಇರದ ಊರಿನ ಡಬ್ಬದ ಮೇಲೆ ನಮ್ಮಪ್ಪನ ಹೆಸರು ನೋಡಿ ಒಂದು ಗಳಿಗೆ ಅಲ್ಲೇ ನಿಂತುಕೊಂಡಿದ್ದೆ.

ಅಡುಗೆಮನೆಯ ಕಷ್ಟ ಬೇರೆ ಥರದ್ದು. ಇಲ್ಲಿ ಎಷ್ಟೋ ಮನೆಗಳನ್ನು ಅಡುಗೆಮನೆ ಇಲ್ಲದೆಯೇ ಬಾಡಿಗೆಗೆ ಕೊಡುತ್ತಾರೆ. ಗೋಡೆಯಿಂದ ನೀರಿನ ಪೈಪು ಹೊರಗೆ ಬಂದಿರುತ್ತದೆ, ಸಿಂಕೂ ಇರುವುದಿಲ್ಲ. ನಾವು ಹಿಂದಿನ ಬಾಡಿಗೆದಾರರು ಬಿಟ್ಟು ಹೋಗುತ್ತಿದ್ದ ಹಳೇ ಸಾಮಾನನ್ನೇ ಕೊಂಡುಕೊಂಡೆವು, ಅದು ಒಳ್ಳೆಯದಾಯಿತು. ಊರಿಂದ ತಂದಿದ್ದ ಅಲ್ಯೂಮಿನಿಯಂ ಕುಕ್ಕರ್ ಗಾಜಿನ ಕರೆಂಟ್ ಒಲೆಯ ಮೇಲೆ ನಡೆಯಿತು. ಇಂಡಕ್ಷನ್ ಆಗಿದ್ದರೆ ಬಿಸಿಯೇ ಆಗುತ್ತಿರಲಿಲ್ಲ. ಸ್ಟೀಲಿನದು, ತಳಕ್ಕೆ ಅಯಸ್ಕಾಂತ ಅಂಟುವಂಥದ್ದು ತರುವುದೇ ವಾಸಿ. ಮಿಕ್ಸಿಗೆ ಚಿಂತೆ ಬೇಡ. ಇಲ್ಲಿಯೂ 230 ವೋಲ್ಟ್, ಪಿನ್ ಬದಲಾಯಿಸಿಕೊಂಡರೆ ಸಾಕು.

ಸೋನಾ ಮಸೂರಿ, ಕರಿಬೇವು, ರಾಗಿ ಹಿಟ್ಟು ಶ್ರೀಲಂಕಾ ತಮಿಳರ ಅಂಗಡಿಗಳಲ್ಲಿ ಸಿಗುತ್ತವೆ. ಕೊತ್ತಂಬರಿ ಸೊಪ್ಪು ಟರ್ಕಿಯವರ ಅಂಗಡಿಯಲ್ಲಿ ದೊಡ್ಡ ಕಟ್ಟು. ಅಲ್ಲಿ ಸಿಗುವ ಬುಲ್ಗೂರ್ ಗೋಧಿ ನುಚ್ಚಿನಲ್ಲಿ ಉಪ್ಪಿಟ್ಟು ಚೆನ್ನಾಗಿ ಆಗುತ್ತದೆ. ಚಳಿಗಾಲದಲ್ಲಿ ದೋಸೆ ಹಿಟ್ಟು ಹುಳಿ ಬರುವುದಿಲ್ಲ ಅಂತ ಮೊದಲ ತಿಂಗಳೆಲ್ಲ ಒದ್ದಾಡಿದೆ. ಓವನ್ ಬಿಸಿ ಮಾಡದೆ, ಒಳಗಿನ ದೀಪ ಮಾತ್ರ ಹಾಕಿ, ಹಿಟ್ಟಿನ ಪಾತ್ರೆ ರಾತ್ರಿಯೆಲ್ಲ ಅದರೊಳಗೆ ಇಟ್ಟರೆ ಬೆಳಿಗ್ಗೆ ಉಕ್ಕಿರುತ್ತದೆ. ಕೆಳಗೆ ತಟ್ಟೆ ಇಡುವುದು ಮರೆಯಬೇಡಿ.

ಜನವರಿಯಲ್ಲಿ ಅಡುಗೆಮನೆಯ ಮೂಲೆಯಲ್ಲಿ ಕಪ್ಪು ಚುಕ್ಕೆಗಳು ಕಾಣಿಸಿಕೊಂಡವು. ಬೂಷ್ಟು. ಅಜ್ಜಿಗೆ ತೋರಿಸಿದೆ. ಅವರು ಗೋಡೆ ಮುಟ್ಟಿ ನೋಡಿ, ಕಿಟಕಿಯನ್ನು ಪೂರ್ತಿ ತೆರೆದರು. ಹೊರಗೆ ಸೊನ್ನೆಗಿಂತ ಕಡಿಮೆ ಇತ್ತು. ಹೀಟರ್ ತಿರುಗಣಿ ಬಂದ್ ಮಾಡಿದರು, ಗಡಿಯಾರ ತೋರಿಸಿ ಕೈಬೆರಳಲ್ಲಿ ಐದು ಅಂದರು. ಇದಕ್ಕೆ ಲ್ಯುಫ್ಟನ್ ಅನ್ನುತ್ತಾರೆ, ಮನೆಗೆ ಗಾಳಿ ಕೊಡುವುದು. ಇಲ್ಲಿನ ಕಿಟಕಿಗಳು ಗಾಳಿಯೇ ಆಡದಷ್ಟು ಬಿಗಿ. ಅನ್ನದ ಆವಿ, ಸಾರಿನ ಆವಿ, ಒಳಗೆ ಒಣಹಾಕಿದ ಬಟ್ಟೆಯ ತೇವ, ಎಲ್ಲ ತಣ್ಣನೆಯ ಗೋಡೆಗೆ ಹೋಗಿ ಕೂರುತ್ತದೆ. ನಮ್ಮ ಅಡುಗೆಯಲ್ಲಿ ಆವಿ ಎಷ್ಟು ಅಂತ ಅವತ್ತು ಗೊತ್ತಾಯಿತು. ಕಿಟಕಿಯನ್ನು ದಿನವೆಲ್ಲ ಓರೆಯಾಗಿ ಬಿಟ್ಟರೆ ಪ್ರಯೋಜನವಿಲ್ಲ, ಗೋಡೆ ಇನ್ನಷ್ಟು ತಣ್ಣಗಾಗುತ್ತದೆ. ದಿನಕ್ಕೆ ಮೂರು ಸಲ ಪೂರ್ತಿ ತೆರೆದು ಐದು ನಿಮಿಷಕ್ಕೆ ಮುಚ್ಚಬೇಕು. ಕುಕ್ಕರ್ ಇಳಿಸಿದ ಕೂಡಲೇ ಇನ್ನೊಂದು ಸಲ. ಆ ಚುಕ್ಕೆಗಳನ್ನು ಒರೆಸಿ ತೆಗೆದ ಮೇಲೆ ಮತ್ತೆ ಬಂದಿಲ್ಲ.

ಉಳಿದವು ಬೇಗ ಅಭ್ಯಾಸ ಆಗುತ್ತವೆ. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಹಾಲು ಮೊಸರು ಶನಿವಾರವೇ ತಂದಿಡಿ. ನೀರಿನ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಇರುತ್ತದೆ, ಸೂಪರ್ ಮಾರ್ಕೆಟ್‌ನ ಯಂತ್ರಕ್ಕೆ ಹಾಕಿ ಚೀಟಿ ತೆಗೆದುಕೊಳ್ಳಿ. ಗಾಜಿನ ಶೀಶೆಗಳನ್ನು ಬಣ್ಣ ನೋಡಿ ಬೀದಿಯ ಡಬ್ಬಕ್ಕೆ ಹಾಕಬೇಕು, ಭಾನುವಾರ ಹಾಕಬಾರದು, ಸದ್ದಾಗುತ್ತದೆ. ಟಿವಿ ಇಲ್ಲದಿದ್ದರೂ ಮನೆಗೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಕಟ್ಟಬೇಕು. ಆ ಕಾಗದ ಬಂದರೆ ಮೋಸ ಅಂದುಕೊಂಡು ಎಸೆಯಬೇಡಿ.

ಕತ್ತಲೆಗೆ ಮಾತ್ರ ನಾನು ತಯಾರಾಗಿರಲಿಲ್ಲ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ನನಗೆ ಕೆಲಸ ಇರಲಿಲ್ಲ, ಗಂಡ ಬರುವುದು ಆರೂವರೆಗೆ. ಆ ಎರಡು ಗಂಟೆ ಅಮ್ಮನಿಗೆ ಫೋನ್ ಮಾಡುತ್ತಿದ್ದೆ. ಅಲ್ಲಿ ಆಗ ರಾತ್ರಿ ಒಂಬತ್ತು. "ಇನ್ನೂ ದೀಪ ಹಚ್ಚಿಲ್ಲೇನೇ?" ಅಂತ ಅಮ್ಮ ಒಂದು ದಿನ ಕೇಳಿದರು. ಕತ್ತಲಲ್ಲೇ ಕೂತಿದ್ದೆ, ನನಗೇ ಗೊತ್ತಿರಲಿಲ್ಲ. ಮಾರನೇ ದಿನದಿಂದ ಆ ಹೊತ್ತಿಗೆ ದೇವರ ದೀಪ ಹಚ್ಚಿ, ಕೋಟು ಹಾಕಿಕೊಂಡು ಹೊರಗೆ ಹೋಗುವುದು ಶುರು ಮಾಡಿದೆ. ಈ ಊರು ಬಟ್ಟಲಿನ ಹಾಗೆ, ಸುತ್ತ ಗುಡ್ಡ. ಗುಡ್ಡ ಹತ್ತಲು ದ್ರಾಕ್ಷಿ ತೋಟಗಳ ನಡುವೆ, ಮನೆಗಳ ಸಂದಿಯಲ್ಲಿ ನೂರಾರು ಕಲ್ಲು ಮೆಟ್ಟಿಲ ದಾರಿಗಳಿವೆ. ದಿನಕ್ಕೊಂದು ದಾರಿ ಹತ್ತುತ್ತಿದ್ದೆ.

ಭಾಷೆಯ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಬ್ಲೂ ಕಾರ್ಡ್ ಅಂದರೆ ಓದಿದ ಹೊರದೇಶದವರಿಗೆ ಇಲ್ಲಿ ಕೆಲಸ ಮಾಡಿಕೊಂಡು ಇರಲು ಕೊಡುವ ಪರವಾನಗಿ. ಅದು ಇರುವವರ ಗಂಡ ಅಥವಾ ಹೆಂಡತಿಗೆ ವೀಸಾಕ್ಕಾಗಿ ಜರ್ಮನ್ ಪರೀಕ್ಷೆ ಬೇಕಿಲ್ಲ. ಹಾಗಾಗಿ ಕಲಿಯದೇ ಬಂದೆ. ಬೆಂಗಳೂರಲ್ಲಿ ಆರು ತಿಂಗಳು ಕಲಿತು ಬಂದಿದ್ದರೆ ಆ ಮೊದಲ ಚಳಿಗಾಲ ಅಷ್ಟು ಉದ್ದ ಅನ್ನಿಸುತ್ತಿರಲಿಲ್ಲ. ಫೆಬ್ರವರಿಯಲ್ಲಿ ಫೋಲ್ಕ್ಸ್‌ಹೋಖ್‌ಶೂಲೆಗೆ ಸೇರಿದೆ. ಊರೂರಲ್ಲೂ ಇರುವ, ದೊಡ್ಡವರು ಕಡಿಮೆ ಫೀಸಿನಲ್ಲಿ ಕಲಿಯುವ ಶಾಲೆ ಅದು. ಅಲ್ಲಿ ಕಲಿಸುವುದು ಪುಸ್ತಕದ ಜರ್ಮನ್. ಮೆಟ್ಟಿಲ ಮೇಲೆ ಕೇಳುವುದು ಶ್ವಾಬಿಯಾದ ಮಾತು. ಕಸ ತುಂಬುವ ತಟ್ಟೆಗೆ ಅಜ್ಜಿ ಕುಟ್ಟರ್‌ಶೌಫೆಲ್ ಅಂತಾರೆ. ತರಗತಿಯಲ್ಲಿ ಆ ಪದ ಹೇಳಿದರೆ ಉತ್ತರದ ಕಡೆಯ ನಮ್ಮ ಟೀಚರ್‌ಗೇ ಗೊತ್ತಿರಲಿಲ್ಲ.

2023ರ ಮೇ ತಿಂಗಳಲ್ಲಿ ದೇಶದ ತುಂಬ ಬಸ್ಸು, ಲೋಕಲ್ ರೈಲಿಗೆ ತಿಂಗಳಿಗೆ 49 ಯೂರೋದ ಒಂದೇ ಟಿಕೆಟ್ ಬಂತು. ಅದರಲ್ಲಿ ನಾವು ಮೊದಲು ಹೋಗಿದ್ದು ಟ್ಯೂಬಿಂಗೆನ್‌ಗೆ. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟ್ಟೆಲ್ 1903ರಲ್ಲಿ ತೀರಿಕೊಂಡಿದ್ದು ಆ ಊರಿನಲ್ಲಿ. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಶುರು ಮಾಡಿದ ಮೋಗ್ಲಿಂಗ್ ತೀರಿಕೊಂಡಿದ್ದು ನಮ್ಮ ಮನೆಗೆ ಇನ್ನೂ ಹತ್ತಿರದ ಎಸ್ಲಿಂಗೆನ್‌ನಲ್ಲಿ. ಇವರಿಬ್ಬರೂ ಈ ದೇಶದಿಂದ ನಮ್ಮ ಕಡೆಗೆ ಹೋಗಿ, ಕಂಡವರನ್ನೆಲ್ಲ ಕೇಳಿ ಕೇಳಿ ನಮ್ಮ ಮಾತು ಕಲಿತರು. ನೆಕಾರ್ ನದಿಯ ದಂಡೆಯಲ್ಲಿ ಕೂತು ಅದನ್ನೇ ಯೋಚಿಸುತ್ತಿದ್ದೆ. ಮನೆಗೆ ಬಂದು ಒಂದು ಇನ್ನೂರು ಪೇಜಿನ ನೋಟ್‌ಬುಕ್ ತೆಗೆದೆ. ಅಜ್ಜಿಯ ಬಾಯಿಂದ ಬರುವ ಪದಗಳನ್ನು ಕನ್ನಡ ಅಕ್ಷರದಲ್ಲೇ ಬರೆಯತೊಡಗಿದೆ. ಮೊದಲ ಪುಟದಲ್ಲಿ ಕುಟ್ಟರ್‌ಶೌಫೆಲ್ ಇದೆ.

2024ರ ಯುಗಾದಿ ಮಂಗಳವಾರ ಬಂದಿತ್ತು. ಬಾಗಿಲ ಮುಂದೆ ರಂಗೋಲಿ ಹಾಕಬೇಕು ಅಂತ ಆಸೆ. ಆದರೆ ಮೆಟ್ಟಿಲ ಮೇಲೆ ಎಲೆ ಬಿದ್ದರೂ ಎತ್ತುವ ಜನ, ಪುಡಿ ಚೆಲ್ಲಿದರೆ ಹೇಗೆ? ಅಜ್ಜಿಯನ್ನು ಕೇಳಲು ಹೋದೆ. ಸೀಮೆಸುಣ್ಣ ತೋರಿಸಿ, ನೆಲದ ಮೇಲೆ, ಹಬ್ಬ, ಆಮೇಲೆ ಒರೆಸುತ್ತೇನೆ ಅಂತ ಇದ್ದಬದ್ದ ಜರ್ಮನ್‌ನಲ್ಲಿ ಹೇಳಿದೆ. ಅವರು ತಮ್ಮ ಬಾಗಿಲ ಮೇಲ್ಗಡೆ ಬೆರಳು ತೋರಿಸಿದರು. ಚೌಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ 20, ಸಿ, ಎಂ, ಬಿ, 24 ಅಂತ ಬರೆದಿತ್ತು. ಜನವರಿ 6ರ ಹಬ್ಬಕ್ಕೆ ಮಕ್ಕಳು ಹಾಡುತ್ತಾ ಬಂದು ಮನೆಗೆ ಒಳ್ಳೆಯದಾಗಲಿ ಅಂತ ಬರೆದು ಹೋಗುತ್ತಾರಂತೆ. ಒಂದೂವರೆ ವರ್ಷ ಆ ಬಾಗಿಲ ಮುಂದೆ ಓಡಾಡಿದ್ದೆ, ತಲೆ ಎತ್ತಿ ನೋಡಿರಲಿಲ್ಲ.

ಅಜ್ಜಿ ನನ್ನ ಜೊತೆಯೇ ಮೇಲೆ ಬಂದರು. ನಾನು ಚುಕ್ಕಿ ಇಡುತ್ತಾ ಹೋದೆ, ಅವರು ಕಂಬಿ ಹಿಡಿದು ನಿಂತು ಎಣಿಸುತ್ತಾ ಹೋದರು. ಓಯ್ನ್ಸ್, ತ್ಸ್ವೋಯ್, ದ್ರೈ. ಪುಸ್ತಕದಲ್ಲಿ ಐನ್ಸ್, ತ್ಸ್ವೈ ಅಂತ ಇರುತ್ತದೆ. ಏಳು ಚುಕ್ಕಿಯ ರಂಗೋಲಿ. ಬೇವು ಬೆಲ್ಲ ಕೊಟ್ಟೆ, ಬೇವು ಸಿಗದೆ ಮೆಂತ್ಯೆ ಸೇರಿಸಿದ್ದು. ಆ ವಾರ ಫಲಕ ನಮ್ಮ ಬಾಗಿಲಲ್ಲೇ ಇತ್ತು. ಶನಿವಾರ ಮೇಲಿನ ಮೆಟ್ಟಿಲಿನಿಂದ ಗುಡಿಸಿಕೊಂಡು ಬಂದು, ಕೊನೆಗೆ ಒದ್ದೆ ಬಟ್ಟೆಯಲ್ಲಿ ರಂಗೋಲಿಯನ್ನು ನಾನೇ ಒರೆಸಿದೆ. ಫಲಕವನ್ನು ಎದುರುಮನೆಯ ಹಿಡಿಕೆಗೆ ಹಾಕಿ ಒಳಗೆ ಬಂದೆ.