ಹಳೆ ಕಾರಿನ ಡೆಂಟ್ ತೆಗೆದೆ, ಬಣ್ಣವನ್ನೂ ಹೊಂದಿಸಿದೆ

ನನ್ನ ಕಾರು ಬೆಳ್ಳಿ ಬಣ್ಣದ್ದು, ಮೆಟಾಲಿಕ್. ಎಷ್ಟೋ ವರ್ಷ ಬಿಸಿಲಲ್ಲೇ ನಿಂತಿದ್ದು. ಎಡಗಡೆ ಮುಂದಿನ ಚಕ್ರದ ಮೇಲಿನ ತಗಡಲ್ಲಿ, ಅಂದರೆ ಫೆಂಡರ್‌ನಲ್ಲಿ ಅಂಗೈ ಅಗಲದ ಡೆಂಟ್ ಇತ್ತು. ಪುಟ್ಟಿ ತುಂಬಿಸಿ ಬಣ್ಣ ಹೊಡೆಸಿ ಅಂತ ಕೆಲವರು ಹೇಳಿದರು. ನನಗೆ ಮನಸ್ಸು ಒಪ್ಪಲಿಲ್ಲ. ಪುಟ್ಟಿ ಇರುವುದು ತಗ್ಗು ತುಂಬಲಿಕ್ಕಲ್ಲ, ತಗಡು ಸರಿಯಾದ ಮೇಲೂ ಉಳಿಯುವ ಸಣ್ಣ ಏರುಪೇರು ಮುಚ್ಚಲಿಕ್ಕೆ. ದಪ್ಪಗೆ ಮೆತ್ತಿದರೆ ಮುಂದೊಂದು ದಿನ ಬಿರುಕು ಬಿಡುತ್ತದೆ. 3 ಮಿ.ಮೀ. ದಾಟಬಾರದು ಅನ್ನುವುದು ನಾನು ಇಟ್ಟುಕೊಂಡ ಲೆಕ್ಕ.

ಮೊದಲು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಫೆಂಡರ್ ಮೇಲೆಲ್ಲ ಆಡಿಸಿದೆ. ಎಲ್ಲಾದರೂ ಹಿಡಿತ ಸಡಿಲ ಆದರೆ ಅಲ್ಲಿ ಹಿಂದೆ ಯಾರೋ ಪುಟ್ಟಿ ಹಾಕಿದ್ದಾರೆ ಅಂತ ಅರ್ಥ. ಹಳೆ ಗಾಡಿ ಅಲ್ವಾ, ಯಾರ ಕೈಯಲ್ಲಿ ಏನೇನಾಗಿದೆಯೋ. ಪುಣ್ಯಕ್ಕೆ ಇಲ್ಲಿ ಬರೀ ತಗಡೇ ಇತ್ತು.

ಚಕ್ರ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಕವಚ ತೆಗೆದರೆ ಡೆಂಟಿನ ಬೆನ್ನಿಗೆ ಕೈ ಸಿಗುತ್ತದೆ. ಸಾಮಾನ್ಯವಾಗಿ ಎಲ್ಲರೂ ತಗ್ಗಿನ ನಡುಮಧ್ಯಕ್ಕೇ ಒಳಗಿನಿಂದ ಜೋರಾಗಿ ಬಡಿಯುತ್ತಾರೆ. ಹಾಗೆ ಮಾಡಿದರೆ ತಗಡು ಹಿಗ್ಗುತ್ತದೆ. ಹಿಗ್ಗಿದ ತಗಡು ಬೆರಳಲ್ಲಿ ಒತ್ತಿದಾಗ ಟಪ್ ಅಂತ ಒಳಗೆ ಹೋಗಿ ಟಪ್ ಅಂತ ಹೊರಗೆ ಬರುತ್ತದೆ. ಅದನ್ನು ಮತ್ತೆ ಬಿಗಿ ಮಾಡಲು ಬಿಸಿ ಕೊಡಬೇಕು, ಅದು ಬೇರೆಯೇ ವಿದ್ಯೆ. ಡೆಂಟ್ ಬಿದ್ದಾಗ ನಡುಭಾಗ ಮೊದಲು ಒಳಗೆ ಹೋಗಿ, ಸುತ್ತಲಿನ ದಿಣ್ಣೆ ಕೊನೆಗೆ ಏಳುತ್ತದೆ. ತೆಗೆಯುವಾಗ ತಿರುಗಾಮುರುಗಾ, ಕೊನೆಗೆ ಎದ್ದದ್ದು ಮೊದಲು ಇಳಿಯಬೇಕು. ಒಳಗಡೆ ತಗ್ಗಿಗೆ ಡಾಲಿಯನ್ನು, ಅಂದರೆ ಕೈಯಲ್ಲಿ ಹಿಡಿಯುವ ಭಾರದ ಕಬ್ಬಿಣದ ಗಟ್ಟಿಯನ್ನು, ಒತ್ತಿ ಹಿಡಿದೆ. ಹೊರಗಡೆ ಪಕ್ಕದ ದಿಣ್ಣೆಯ ಮೇಲೆ ಸುತ್ತಿಗೆಯಿಂದ ಹಗುರವಾಗಿ ತಟ್ಟುತ್ತಾ ಬಂದೆ. ದಿಣ್ಣೆ ಇಳಿದ ಹಾಗೆಲ್ಲ ತಗ್ಗು ತಾನೇ ಮೇಲೆ ಬರುತ್ತದೆ. ಜೋರು ಬೇಡ, ತಾಳ್ಮೆ ಬೇಕು.

ಸರಿಯಾಯಿತೋ ಇಲ್ಲವೋ ನೋಡಲು ಕಣ್ಣನ್ನು ನಂಬಬೇಡಿ. ತೆಳು ಬಟ್ಟೆಯ ಮೇಲೆ ಅಂಗೈ ಇಟ್ಟು, ಬೆರಳು ಚಾಚಿ ಉದ್ದಕ್ಕೆ ಸವರಿ. ಕಣ್ಣಿಗೆ ಕಾಣದ ಏರಿಳಿತ ಅಂಗೈಗೆ ಗೊತ್ತಾಗುತ್ತದೆ.

ಪುಟ್ಟಿ ಹಾಕುವ ಜಾಗದಲ್ಲಿ ಬಣ್ಣವನ್ನು ತಗಡಿನವರೆಗೆ ತೆಗೆದೆ. ಪುಟ್ಟಿ ಗಟ್ಟಿಯಾಗಲು ಬೆರೆಸುವ ಹಾರ್ಡನರ್ ಪುಟ್ಟಿಯ ತೂಕದ 2% ಸುತ್ತಮುತ್ತ ಸಾಕು. ಬೇಗ ಒಣಗಲಿ ಅಂತ ಜಾಸ್ತಿ ಹಾಕಿದರೆ ಮುಂದೆ ಬಣ್ಣದ ಮೇಲೆ ಕಲೆ ಏಳುತ್ತದೆ. ಗರಗರ ತಿರುಗಿಸಿ ಕಲಸಿದರೆ ಗಾಳಿ ಸೇರಿ ಸೂಜಿ ತೂತುಗಳಾಗುತ್ತವೆ. ಅದಕ್ಕೇ ಗಾಜಿನ ಹಲಗೆ ಮೇಲೆ ಒತ್ತಿ ಒತ್ತಿ ಮಡಿಚಬೇಕು. ಆಮೇಲೆ ಉದ್ದನೆ ಮರದ ತುಂಡಿಗೆ 80 ನಂಬರಿನ ಉಜ್ಜುವ ಪೇಪರ್ ಸುತ್ತಿ ಉಜ್ಜಿ, 180ಕ್ಕೆ ಬಂದೆ (ನಂಬರ್ ಹೆಚ್ಚಾದಷ್ಟೂ ಪೇಪರ್ ನುಣುಪು). ಇದೆಲ್ಲ ನೀರು ಮುಟ್ಟಿಸದೆ, ಏಕೆಂದರೆ ಪುಟ್ಟಿ ನೀರು ಹೀರುತ್ತದೆ. ಪ್ರೈಮರ್ ಹೊಡೆದ ಮೇಲೆ ತೆಳ್ಳಗೆ ಕಪ್ಪು ಬಣ್ಣ ಚಿಮುಕಿಸಿ 400ರಲ್ಲಿ ಉಜ್ಜಿದರೆ, ಕಪ್ಪು ಉಳಿದ ಕಡೆ ಇನ್ನೂ ತಗ್ಗಿದೆ ಅಂತ ಲೆಕ್ಕ. ಕೊನೆಗೆ 600.

ನಿಜವಾದ ತಲೆನೋವು ಇರುವುದು ಬಣ್ಣದಲ್ಲಿ. ಬಾಗಿಲಿನ ಕಂಬದ ಮೇಲಿನ ಪಟ್ಟಿಯಲ್ಲಿ ಬಣ್ಣದ ಕೋಡ್ ಇತ್ತು. ಆದರೆ ಕೋಡ್ ಹೇಳುವುದು ಕಾರ್ಖಾನೆಯಿಂದ ಹೊರಬಂದಾಗಿನ ಬಣ್ಣ. ನಮಗೆ ಬೇಕಾದದ್ದು ಇವತ್ತಿನ ಬಣ್ಣ. ಅದಕ್ಕೇ ಮೊದಲು ಪಕ್ಕದ ಬಾಗಿಲಿಗೆ ಕಾಂಪೌಂಡ್ (ಹೊಳಪು ಕೊಡುವ ಪೇಸ್ಟ್) ಹಾಕಿ ಉಜ್ಜಿದೆ. ಮೇಲಿನ ಮಂಕು ಪೊರೆಗೆ ಬಣ್ಣ ಹೊಂದಿಸಿ, ಆಮೇಲೆ ಪಾಲಿಶ್ ಮಾಡಿದರೆ ಎರಡೂ ಬೇರೆ ಬೇರೆ ಕಾಣುತ್ತವೆ.

ಕೋಡಿನ ಪ್ರಕಾರ ಕಲಸಿದ ಬಣ್ಣವನ್ನು ಮೊದಲು ಕಾರ್ಡ್ ಮೇಲೆ ಹೊಡೆದು, ಮೇಲೆ ಕ್ಲಿಯರ್ ಕೋಟನ್ನೂ, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರವನ್ನೂ ಹಾಕಿದೆ. ಕ್ಲಿಯರ್ ಇಲ್ಲದ ಕಾರ್ಡ್ ನೋಡಿ ತೀರ್ಮಾನ ಮಾಡಬೇಡಿ. ಅದು ಬಿದ್ದ ಮೇಲೆ ಬಣ್ಣ ಇನ್ನೊಂದು ಥರ ಕಾಣುತ್ತದೆ. ಒಣಗಿದ ಕಾರ್ಡನ್ನು ಬಾಗಿಲಿಗೆ ಹಿಡಿದು ಬಿಸಿಲಲ್ಲಿ, ನೆರಳಲ್ಲಿ ನೋಡಿದೆ. ಟ್ಯೂಬ್‌ಲೈಟ್ ಕೆಳಗೆ ಒಂದೇ ಅನ್ನಿಸಿದ ಬಣ್ಣ ಬಿಸಿಲಿಗೆ ಬಂದ ತಕ್ಷಣ ಬೇರೆಯಾಗಬಹುದು. ನೇರಕ್ಕೆ ನೋಡಿ, ಪಕ್ಕಕ್ಕೆ ಸರಿದು ಓರೆಯಾಗಿಯೂ ನೋಡಬೇಕು.

ನನ್ನ ಕಾರ್ಡ್ ಬಾಗಿಲಿಗಿಂತ ಒಂದು ಚೂರು ಕಪ್ಪಗಿತ್ತು. ಡಬ್ಬಿಗೆ ಬಿಳಿ ಸುರಿಯಲಿಲ್ಲ, ಬಣ್ಣ ಚಿಮ್ಮಿಸುವ ಗನ್ ಹಿಡಿಯುವ ರೀತಿ ಬದಲಾಯಿಸಿದೆ. ಮೆಟಾಲಿಕ್ ಬಣ್ಣದ ಗುಟ್ಟೇ ಇದು. ಬಣ್ಣ ತೇವವಾಗಿ, ದಪ್ಪಗೆ ಬಿದ್ದರೆ ಒಳಗಿನ ಅಲ್ಯುಮಿನಿಯಂ ಚೂರುಗಳು ತಳಕ್ಕಿಳಿದು ಬಣ್ಣ ಗಾಢವಾಗುತ್ತದೆ. ತೆಳ್ಳಗೆ, ಕೊಂಚ ಒಣಗಿದಂತೆ ಬಿದ್ದರೆ ಅವು ಮೇಲೇ ಉಳಿದು ತಿಳಿಯಾಗುತ್ತದೆ. ಗನ್ನನ್ನು ಸ್ವಲ್ಪ ದೂರ ಹಿಡಿದೆ. ಕಾರ್ಡ್ ಬಾಗಿಲಿನ ಹತ್ತಿರಕ್ಕೆ ಬಂತು.

ಹತ್ತಿರ ಅಷ್ಟೇ, ಒಂದೇ ಅಲ್ಲ. ಉಳಿದ ವ್ಯತ್ಯಾಸವನ್ನು ಬ್ಲೆಂಡಿಂಗ್ ನುಂಗಿತು. ಬಣ್ಣವನ್ನು ಫೆಂಡರ್ ಅಂಚಿಗೆ ನಿಲ್ಲಿಸದೆ ಬಾಗಿಲಿನ ಮೇಲೂ ಒಂದಿಷ್ಟು ಎಳೆದು, ಹೋಗ್ತಾ ಹೋಗ್ತಾ ತೆಳುವಾಗಿಸಿದೆ. ಮೇಲೆ ಫೆಂಡರ್, ಬಾಗಿಲು ಎರಡಕ್ಕೂ ಪೂರ್ತಿ ಕ್ಲಿಯರ್ ಹೊಡೆದೆ. ಎರಡು ಬಣ್ಣ ಒಂದು ಗೆರೆಯಲ್ಲಿ ಸೇರಿದರೆ ಕಣ್ಣು ತಕ್ಷಣ ಹಿಡಿಯುತ್ತದೆ. ಮೊಳದುದ್ದಕ್ಕೆ ನಿಧಾನವಾಗಿ ಬದಲಾದರೆ ಹಿಡಿಯುವುದೇ ಇಲ್ಲ.

ಈ ಕೊನೆ ಕೆಲಸಕ್ಕೆ ನಾನು ಬಣ್ಣ ಹೊಡೆಯುವ ಬೂತ್ ಬಾಡಿಗೆಗೆ ತೆಗೆದುಕೊಂಡೆ, ಹೊರಗಿನಿಂದ ಶುದ್ಧ ಗಾಳಿ ಬರುವ ಮಾಸ್ಕ್ ಹಾಕಿಕೊಂಡೆ. ಹಾರ್ಡನರ್ ಬೆರೆಸುವ ಕ್ಲಿಯರ್‌ನಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ, ಉಸಿರಾಟಕ್ಕೆ ಅಪಾಯ. ಧೂಳಿನ ಮಾಸ್ಕ್ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಬಂಪರನ್ನು ಮುಟ್ಟಲಿಲ್ಲ. ಅದು ಪ್ಲಾಸ್ಟಿಕ್, ಹೊಸ ಗಾಡಿಗಳಲ್ಲೇ ಎಷ್ಟೋ ಸಲ ಬಾಡಿಗೂ ಬಂಪರಿಗೂ ಬಣ್ಣ ಕೂಡುವುದಿಲ್ಲ. ವ್ಯಾಕ್ಸ್ ಹಚ್ಚಲು ಮಾತ್ರ ಒಂದೆರಡು ತಿಂಗಳು ಕಾಯಬೇಕು. ಒಳಗಿನ ಥಿನ್ನರ್ ಪೂರ್ತಿ ಆರಬೇಕಲ್ಲ.