ಬೇರೆ ಬೇರೆ ದೇಶದ ರಿಪೋರ್ಟರ್‌ಗಳು ಸೇರಿ ಒಂದೇ ತನಿಖೆ ಮಾಡೋದು ಹೇಗೆ

ಪನಾಮಾ ಪೇಪರ್ಸ್ ಅಂದ್ರೆ ಪನಾಮಾದ ಒಂದು ಲಾ ಫರ್ಮ್‌ನಿಂದ ಸೋರಿದ ಫೈಲ್‌ಗಳು. ಆ ಹೆಸ್ರು ಎತ್ತಿದ ತಕ್ಷಣ ಎಲ್ರೂ ಅದ್ರ ಸೈಜ್ ಬಗ್ಗೆನೇ ಮಾತಾಡ್ತಾರೆ, 1.15 ಕೋಟಿ ಡಾಕ್ಯುಮೆಂಟು, 2.6 ಟೆರಾಬೈಟು ಅಂತ. ನಂಗೆ ಅದಕ್ಕಿಂತ ಆಶ್ಚರ್ಯ ಅನ್ಸೋದು ಬೇರೆ. ಸುಮಾರು 80 ದೇಶದ 370ಕ್ಕೂ ಹೆಚ್ಚು ಪತ್ರಕರ್ತರು ತಿಂಗಳುಗಟ್ಲೆ ಅದನ್ನ ಓದಿ, ಸಿಕ್ಕಿದ್ದನ್ನೆಲ್ಲಾ ಹಂಚ್ಕೊಂಡು, 2016ರ ಏಪ್ರಿಲ್ 3ಕ್ಕೆ ಎಲ್ಲಾ ಕಡೆ ಒಂದೇ ಹೊತ್ತಿಗೆ ಪಬ್ಲಿಷ್ ಮಾಡಿದ್ರು, ನಮ್ಮಲ್ಲಿ ಆಗ ರಾತ್ರಿ ಹನ್ನೊಂದೂವರೆ. ಪಕ್ಕದ ಡೆಸ್ಕ್‌ನೋರಿಗೂ ಸೋರ್ಸ್ ಹೆಸ್ರು ಹೇಳದ ಜಾತಿ ನಮ್ದು, ಇಷ್ಟು ಜನ ಬಾಯಿ ಮುಚ್ಕೊಂಡು ಹೇಗಿದ್ರು ಅನ್ನೋದು ಅವ್ರು ಟೀಮ್ ಕಟ್ಟಿದ ರೀತಿ ನೋಡಿದ್ರೆ ಗೊತ್ತಾಗತ್ತೆ. ಎರಡು ಮೂರು ದೇಶದೋರು ಸೇರಿ ಚಿಕ್ಕದಾಗಿ ಮಾಡೋದಾದ್ರೂ ದಾರಿ ಅದೇ.

ಮೊದ್ಲು ಇದು ನಿಜವಾಗ್ಲೂ ಬೇಕಾ ನೋಡ್ಕೊಳಿ. ತಾಲೂಕು ಲೆವೆಲ್ ಟೆಂಡರ್ ಗೋಲ್‌ಮಾಲ್‌ಗೆ ಫಾರಿನ್ ಪಾರ್ಟ್ನರ್ ಯಾಕೆ? ದುಡ್ಡೋ ಮನುಷ್ಯನೋ ಸರಕೋ ಗಡಿ ದಾಟಿರ್ಬೇಕು, ಆ ಕಡೆ ಕಂಪನಿ ರಿಜಿಸ್ಟರ್ ಹೇಗೆ ತೆಗ್ಸೋದು, ಯಾವ ಕೋರ್ಟಲ್ಲಿ ಕೇಸ್ ಹುಡುಕೋದು ಅಂತ ಅಲ್ಲಿನೋರಿಗೇ ಗೊತ್ತಿರತ್ತೆ ಅನ್ನೋ ಹಾಗಿದ್ರೆ ಮಾತ್ರ ಕೈ ಹಾಕಿ. ಪಾರ್ಟ್ನರ್ ಹುಡುಕೋವಾಗ ದೊಡ್ಡ ಪೇಪರ್ ಹೆಸ್ರು ನೋಡ್ಬೇಡಿ, ಆ ಮನುಷ್ಯ ಹಿಂದೆ ಯಾರ ಜೊತೆನಾದ್ರೂ ಸೇರಿ ಕೆಲ್ಸ ಮಾಡಿದಾರಾ, ಮಾಡಿದ್ರೆ ಜೊತೆಗಿದ್ದೋರು ಏನಂತಾರೆ, ಅದನ್ನ ಕೇಳಿ. ಸ್ಟಾರ್ ರಿಪೋರ್ಟರ್ ಒಬ್ರು ಇಡೀ ಟೀಮನ್ನ ಕೆಡ್ಸಬಹುದು.

ಆಮೇಲೆ ಯಾರ್ ಏನ್ ಮಾಡ್ಬೇಕು ಅಂತ ಹಂಚ್ಕೊಳಿ. ಪನಾಮಾ ಲೀಕ್ ಮೊದ್ಲು ಬಂದಿದ್ದು ಮ್ಯೂನಿಕ್‌ನ ಜ್ಯೂಡ್‌ಡಾಯ್ಚ ಜೈಟುಂಗ್ ಪೇಪರ್‌ಗೆ, ಜಾನ್ ಡೋ ಅಂತ ಹೇಳ್ಕೊಂಡ ಅನಾಮಿಕ ಸೋರ್ಸ್‌ನಿಂದ, ಬಾಸ್ಟಿಯಾನ್ ಓಬರ್‌ಮಾಯರ್ ಅನ್ನೋ ರಿಪೋರ್ಟರ್‌ಗೆ. ಮೊಸಾಕ್ ಫೊನ್ಸೇಕಾ ಅನ್ನೋ ಲಾ ಫರ್ಮ್‌ನ ಒಳಗಿನ ಫೈಲ್‌ಗಳು, ಪ್ರಪಂಚದ ಎಲ್ಲಾ ಮೂಲೆ ಹೆಸ್ರೂ ಅದ್ರಲ್ಲಿ, ಜರ್ಮನಿ ಪೇಪರ್ ಒಂದೇ ಅದನ್ನ ಓದಿ ಮುಗ್ಸೋ ಮಾತೇ ಇಲ್ಲ. ಅವ್ರು ವಾಷಿಂಗ್ಟನ್‌ನ ಐಸಿಐಜೆ ಹತ್ರ ಹೋದ್ರು, ಅಂದ್ರೆ ಅಂತರರಾಷ್ಟ್ರೀಯ ತನಿಖಾ ಪತ್ರಕರ್ತರ ಒಕ್ಕೂಟ. ಆಗ ಅದ್ರ ಡೈರೆಕ್ಟರ್ ಜೆರಾರ್ಡ್ ರೈಲ್, ಪಾರ್ಟ್ನರ್‌ಗಳನ್ನೆಲ್ಲಾ ಹೊಂದಿಸ್ಕೊಂಡು ಹೋಗ್ತಿದ್ದೋರು ಮರೀನಾ ವಾಕರ್ ಗೆವಾರಾ, ಡೇಟಾ ಟೀಮ್ ಮಾರ್ ಕಾಬ್ರಾ ಅವ್ರದ್ದು. ಬೈಲೈನ್, ಅಂದ್ರೆ ಸ್ಟೋರಿ ಮೇಲಿನ ಹೆಸ್ರು, ರಿಪೋರ್ಟರ್‌ಗಳಿಗೆ ಹೋಗತ್ತೆ, ಆದ್ರೆ ಕೆಲ್ಸ ನಿಂತಿರೋದು ಈ ಕೋಆರ್ಡಿನೇಟರ್ ಮೇಲೆ. ನಿಮ್ ಟೀಮಲ್ಲಿ ನಾಲ್ಕೇ ಜನ ಇದ್ರೂ ಒಬ್ರಿಗೆ ಬರೀ ಇದೇ ಕೆಲ್ಸ ಕೊಡಿ, ಯಾರ್ ಯಾವ ಹೆಸ್ರು ಹಿಡ್ಕೊಂಡಿದಾರೆ, ಯಾರು ಎರಡು ವಾರದಿಂದ ಸುಮ್ನಿದಾರೆ, ಯಾರ್ ಮುನಿಸ್ಕೊಂಡಿದಾರೆ ಅಂತ ನೋಡ್ಕೊಳೋದು. ಅವ್ರು ಸ್ಟೋರಿ ಬರಿಯೋಕೆ ಕೂತ್ರು ಅಂದ್ರೆ ಮುಗೀತು ಕಥೆ.

ಈಗ ಒಪ್ಪಂದ. ಡೇಟಾ ಕೈಗೆ ಕೊಡೋಕ್ ಮುಂಚೆ ಮಾಡ್ಬೇಕು ಇದು, ಕೊಟ್ಟಾದ್ಮೇಲೆ ಯಾರೂ ಸೈನ್ ಹಾಕಲ್ಲ. ಎರಡು ಪೇಜ್ ಸಾಕು: ಸಿಕ್ಕಿದ್ದೆಲ್ಲಾ ಎಲ್ರ ಮುಂದೆ ಇಡ್ಬೇಕು, ನಿಗದಿ ಮಾಡಿದ ದಿನ ಮತ್ತೆ ಟೈಮ್‌ಗಿಂತ ಮುಂಚೆ ಹಾಕೋಹಾಗಿಲ್ಲ, ಟೈಮ್ ಬರಿಯೋವಾಗ ಯಾವ ದೇಶದ ಟೈಮ್ ಅಂತನೂ ಬರೀರಿ (ನಗ್ಬೇಡಿ), ಆರೋಪ ಇರೋರಿಗೆ ಪ್ರಶ್ನೆ ಯಾರು ಯಾವಾಗ ಕಳಿಸ್ತಾರೆ, ಸರ್ಕಾರದೋರು ಬಂದು ಡೇಟಾ ಕೇಳಿದ್ರೆ ಏನ್ ಮಾಡ್ತೀವಿ, ಲೀಗಲ್ ನೋಟಿಸ್ ಬಂದ್ರೆ ಲಾಯರ್ ಖರ್ಚು ಯಾರ್ದು. ಈ ಕೊನೇದನ್ನ ನಮ್ಮೋರು ಬಿಟ್ಬಿಡ್ತಾರೆ, ನಮ್ ದೇಶದಲ್ಲಿ ಮಾನನಷ್ಟ ಕ್ರಿಮಿನಲ್ ಕೇಸೂ ಹೌದು ಅನ್ನೋದು ಫಾರಿನ್ ಪಾರ್ಟ್ನರ್‌ಗೆ ಗೊತ್ತೇ ಇರಲ್ಲ, ನೀವೇ ಹೇಳ್ಬೇಕು.

ಎಂಬಾರ್ಗೋ, ಅಂದ್ರೆ ಒಪ್ಪಿದ ಟೈಮ್‌ವರೆಗೂ ಪಬ್ಲಿಷ್ ಮಾಡ್ದೆ ಕಾಯೋದು, ಎಷ್ಟು ಕಷ್ಟ ಅನ್ನೋದಕ್ಕೆ ಐಸ್‌ಲ್ಯಾಂಡ್ ನೋಡಿ. ಅಲ್ಲಿ ಯೋಹಾನ್ನೆಸ್ ಕ್ರಿಸ್ಟ್ಯಾನ್ಸನ್ ಅಂತ ಒಬ್ರೇ ರಿಪೋರ್ಟರ್, ಪುಟ್ಟ ದೇಶ, ಎಲ್ರಿಗೂ ಎಲ್ರೂ ಗೊತ್ತು, ಹಾಗಾಗಿ ಮನೆ ಕಿಟಕಿಗೆ ಕಪ್ಪು ಪ್ಲಾಸ್ಟಿಕ್ ಕಟ್ಕೊಂಡು ತಿಂಗಳುಗಟ್ಲೆ ಕೆಲ್ಸ ಮಾಡಿದ್ರು. ಅಲ್ಲಿನ ಪ್ರಧಾನಿ ಸಿಗ್ಮುಂದುರ್ ಗುನ್‌ಲಾಗ್ಸನ್ ಹೆಸ್ರು ವಿಂಟ್ರಿಸ್ ಅನ್ನೋ ಆಫ್‌ಶೋರ್ (ಟ್ಯಾಕ್ಸ್ ಕಮ್ಮಿ ಇರೋ ಬೇರೆ ದೇಶದಲ್ಲಿ ತೆರೆದ) ಕಂಪನಿ ಜೊತೆ ಬರ್ತಿತ್ತು. ಯೋಹಾನ್ನೆಸ್ ನೇರವಾಗಿ ಇಂಟರ್‌ವ್ಯೂ ಕೇಳಿದ್ರೆ ಸಿಗ್ತಿರ್ಲಿಲ್ಲ, ಸ್ವೀಡನ್ ಟಿವಿಯ ಸ್ವೆನ್ ಬರ್ಗ್‌ಮನ್ ಮಾರ್ಚ್ 11ಕ್ಕೆ ಕೂತು ಮೊದ್ಲು ಟ್ಯಾಕ್ಸ್ ಬಗ್ಗೆ ಸಾಮಾನ್ಯ ಪ್ರಶ್ನೆ ಕೇಳಿ, ಆಮೇಲೆ ವಿಂಟ್ರಿಸ್ ಅಂದ್ರು, ಯೋಹಾನ್ನೆಸ್ ಒಳಗ್ ಬಂದು ಮುಂದಿನ ಪ್ರಶ್ನೆ ಹಾಕಿದ್ರು, ಪ್ರಧಾನಿ ಎದ್ದು ಹೊರಟೇಬಿಟ್ರು. ಅಂಥಾ ವಿಡಿಯೋ ಕೈಯಲ್ಲಿ ಇಟ್ಕೊಂಡು ಮೂರು ವಾರ ಸುಮ್ನೆ ಕೂತಿದ್ರು, ಮಧ್ಯದಲ್ಲಿ ಪ್ರಧಾನಿ ಹೆಂಡ್ತಿನೇ ಫೇಸ್‌ಬುಕ್‌ನಲ್ಲಿ ಕಂಪನಿ ವಿಷ್ಯ ಹಾಕಿದ್ರೂ ವಿಡಿಯೋ ಬಿಡ್ಲಿಲ್ಲ. ಏಪ್ರಿಲ್ 3ಕ್ಕೆ ಬಿಟ್ರು, 5ಕ್ಕೆ ಪ್ರಧಾನಿ ಕುರ್ಚಿ ಬಿಡ್ಬೇಕಾಯ್ತು. ಇದ್ರಿಂದ ಕಲಿಯೋದು: ಪ್ರಶ್ನೆ ಕಳಿಸೋದನ್ನ ಆದಷ್ಟೂ ಕೊನೆಗಿಡಿ, ಆದ್ರೆ ಉತ್ರ ಕೊಡೋಕೆ ನ್ಯಾಯವಾದ ಟೈಮ್ ಬಿಡಿ, ಯಾಕಂದ್ರೆ ಪ್ರಶ್ನೆ ಹೋದ ಮೇಲೆ ಗುಟ್ಟು ಗುಟ್ಟಾಗಿ ಉಳಿಯಲ್ಲ. ರಷ್ಯಾ ಕಡೆಯಿಂದ ಅಂತೂ ಪಬ್ಲಿಷ್ ಆಗೋ ಮುಂಚಿನ ವಾರವೇ ಪುಟಿನ್ ವಕ್ತಾರರು ‘ನಮ್ ಮೇಲೆ ಮಾಹಿತಿ ದಾಳಿ ಬರ್ತಿದೆ’ ಅಂತ ಪ್ರೆಸ್‌ಗೆ ಹೇಳ್ಬಿಟ್ಟಿದ್ರು.

ಡೇಟಾ ಭಾಗ ಟೆಕ್ಕಿಗಳಿಗೆ ಸುಲಭ. ಸ್ಕ್ಯಾನ್ ಇಮೇಜನ್ನ ಟೆಸರಾಕ್ಟ್ ಥರದ ಓಸಿಆರ್‌ನಲ್ಲಿ (ಇಮೇಜಲ್ಲಿರೋ ಅಕ್ಷರನ ಟೆಕ್ಸ್ಟ್ ಮಾಡೋ ಸಾಫ್ಟ್‌ವೇರ್) ಓದ್ಸಿ, ಇಂಡೆಕ್ಸ್ ಮಾಡಿ, ಎಲ್ರಿಗೂ ಒಂದು ಸರ್ಚ್ ಬಾಕ್ಸ್ ಕೊಟ್ರೆ ಆಯ್ತು, ಐಸಿಐಜೆಯೋರ ಡೇಟಾಶೇರ್ ಸಾಫ್ಟ್‌ವೇರ್ ಫ್ರೀಯಾಗೇ ಸಿಗತ್ತೆ, ಹೆಸ್ರುಗಳ ಲಿಸ್ಟನ್ನ ಒಟ್ಟಿಗೆ ಕೊಟ್ಟು ಹುಡುಕೋಕೂ ಆಗತ್ತೆ. ಕಷ್ಟ ಇರೋದು ನಮ್ ಹೆಸ್ರುಗಳಲ್ಲಿ. ಮಂಜುನಾಥ ಅನ್ನೋದನ್ನ ಇಂಗ್ಲಿಷ್‌ನಲ್ಲಿ ಕೊನೇ ಎ ಹಾಕಿ ಬರೀತಾರೆ, ಹಾಕ್ದೆ ಬರೀತಾರೆ, ಇನಿಶಿಯಲ್ ಒಂದ್ಸಲ ಮುಂದೆ ಒಂದ್ಸಲ ಹಿಂದೆ, ಮತ್ತೆ ಪಾಸ್‌ಪೋರ್ಟಲ್ಲಿ ಅದೇ ಇನಿಶಿಯಲ್ ಬಿಡಿಸ್ಕೊಂಡು ಅಪ್ಪನ ಹೆಸ್ರಾಗಿರತ್ತೆ. ಹಾಗಾಗಿ ಅಡ್ರೆಸ್ಸು, ಹುಟ್ಟಿದ ದಿನ, ಪಾಸ್‌ಪೋರ್ಟ್ ಕಾಪಿ, ಇದ್ರಲ್ಲಿ ಕನಿಷ್ಠ ಎರಡು ತಾಳೆ ಆಗೋವರೆಗೂ ಹೆಸ್ರು ಬರೀಬೇಡಿ. ಪನಾಮಾದಲ್ಲಿ ಭಾರತದ ಪಾರ್ಟ್ನರ್ ಆಗಿದ್ದ ಇಂಡಿಯನ್ ಎಕ್ಸ್‌ಪ್ರೆಸ್‌ನ ರಿತು ಸರಿನ್ ಮತ್ತೆ ಅವ್ರ ಟೀಮ್‌ಗೆ ಹೀಗೆ ಸೋಸೋಕೇ ತಿಂಗಳುಗಳು ಹಿಡೀತು. ತಾಳೆ ಆದ್ಮೇಲೂ ಆಫ್‌ಶೋರ್ ಕಂಪನಿ ಇರೋದೇ ಅಪರಾಧ ಅಲ್ಲ ಅನ್ನೋದನ್ನ ಮರೀಬೇಡಿ. 2021ರ ಪೆಗಾಸಸ್ ಪ್ರಾಜೆಕ್ಟಲ್ಲೂ ಇದೇ ಥರ. ಫೋನ್ ಒಳಗೆ ಕದ್ದು ನೋಡೋ ಪೆಗಾಸಸ್ ಸ್ಪೈವೇರ್‌ಗೆ ಗುರಿ ಆಗಿರಬಹುದಾದ ನಂಬರ್‌ಗಳ ಲಿಸ್ಟ್ ಸೋರಿತ್ತು, 2019ರಲ್ಲಿ ನಮ್ ಸಮ್ಮಿಶ್ರ ಸರ್ಕಾರ ಬಿದ್ದ ಹೊತ್ತಿನ ಕರ್ನಾಟಕದ ನಂಬರ್‌ಗಳೂ ಆ ಲಿಸ್ಟಲ್ಲಿದ್ವು ಅಂತ ದಿ ವೈರ್ ಅನ್ನೋ ನ್ಯೂಸ್ ವೆಬ್‌ಸೈಟ್ ಬರೀತು, ಆದ್ರೆ ನಂಬರ್ ಲಿಸ್ಟಲ್ಲಿದೆ ಅಂದ್ರೆ ಫೋನ್ ಹ್ಯಾಕ್ ಆಗಿದೆ ಅಂತಲ್ಲ, ಅದಕ್ಕೆ ಫೋನನ್ನೇ ಲ್ಯಾಬಲ್ಲಿ ನೋಡ್ಬೇಕು.

ಮಾತುಕತೆಗೆ ವಾಟ್ಸಾಪ್ ಗ್ರೂಪ್ ಬೇಡ್ವೇ ಬೇಡ. ಸೆಕ್ಯೂರಿಟಿ ಒಂದು ಕಾರಣ, ಇನ್ನೊಂದು ಏನಂದ್ರೆ ಮೂರು ತಿಂಗಳ ಹಿಂದೆ ಯಾರೋ ಹಾಕಿದ ಲೀಡು ಗುಡ್ ಮಾರ್ನಿಂಗ್ ಮಧ್ಯೆ ಕಳೆದೋಗತ್ತೆ. ಐಸಿಐಜೆಯೋರು ಐ-ಹಬ್ ಅಂತ ತಮ್ದೇ ಒಂದು ಫೇಸ್‌ಬುಕ್ ಥರದ್ದು ಮಾಡ್ಕೊಂಡಿದ್ರು, ಟು-ಫ್ಯಾಕ್ಟರ್ ಲಾಗಿನ್, ಒಂದೊಂದು ದೇಶಕ್ಕೆ, ವಿಷ್ಯಕ್ಕೆ ಬೇರೆ ಬೇರೆ ಗುಂಪು. ನೀವು ಚಿಕ್ಕ ಟೀಮಾದ್ರೆ ಸಿಗ್ನಲ್ ಆ್ಯಪ್ ಜೊತೆಗೆ ಎನ್‌ಕ್ರಿಪ್ಟ್ ಆಗಿರೋ ಒಂದು ಶೇರ್ಡ್ ನೋಟ್ಸ್ ಸಾಕು. ಮತ್ತೆ ಒಂದ್ಸಲನಾದ್ರೂ ಮುಖಾಮುಖಿ ಸೇರಿ, ಪನಾಮಾ ಟೀಮೂ ವಾಷಿಂಗ್ಟನ್, ಮ್ಯೂನಿಕ್‌ನಲ್ಲಿ ಸೇರಿತ್ತು, ಜೊತೇಲಿ ಕೂತು ಊಟ ಮಾಡಿದೋರಿಗೆ ಮೋಸ ಮಾಡೋಕೆ ಮನಸ್ಸು ಬರಲ್ಲ.

ಇನ್ನು ಯಾರಿಗಾದ್ರೂ ಏನಾದ್ರೂ ಆದ್ರೆ? ಇದನ್ನೂ ಪ್ಲಾನ್‌ನಲ್ಲಿ ಬರೀರಿ. ಮಾಲ್ಟಾದ ಡಾಫ್ನೆ ಕರುವಾನಾ ಗಲೀಜಿಯಾ ಅವ್ರನ್ನ 2017ರ ಅಕ್ಟೋಬರ್‌ನಲ್ಲಿ ಕಾರ್ ಬಾಂಬಿಟ್ಟು ಕೊಂದ್ರು, ಮರುವರ್ಷ ಫರ್‌ಬಿಡನ್ ಸ್ಟೋರೀಸ್ ಅನ್ನೋ ಸಂಸ್ಥೆ 18 ಮಾಧ್ಯಮಗಳನ್ನ ಸೇರಿಸಿ ಅವ್ರು ಬಿಟ್ಟುಹೋದ ಕೆಲ್ಸ ಮುಂದುವರ್ಸಿತು. ಅದೇ ಸಂಸ್ಥೆ 2023ರಲ್ಲಿ ನಮ್ ಗೌರಿ ಲಂಕೇಶ್ ಅವ್ರ ಕೆಲ್ಸ ಹಿಡ್ಕೊಂಡು ಸುಳ್ಳು ಸುದ್ದಿ ದಂಧೆ ಮೇಲೆ 100 ಪತ್ರಕರ್ತರ ತನಿಖೆ ಮಾಡ್ತು, ಗೌರಿ ಅವ್ರ ಕೊನೇ ಸಂಪಾದಕೀಯ ಸುಳ್ಳು ಸುದ್ದಿ ಬಗ್ಗೆನೇ ಇತ್ತು. ಅದಕ್ಕೇ ಹೇಳೋದು, ನೋಟ್ಸ್ ನಿಮ್ಮೊಬ್ರ ಲ್ಯಾಪ್‌ಟಾಪಲ್ಲಿ ಇರ್ಬಾರ್ದು, ಇನ್ನೊಂದು ದೇಶದಲ್ಲಿ ಅದನ್ನ ತೆಗೆದು ಓದಬಲ್ಲೋರು ಒಬ್ರಾದ್ರೂ ಇರ್ಬೇಕು.

ಪಬ್ಲಿಷ್ ಆದ್ಮೇಲೆ ಸರ್ವರ್ ಮುಚ್ಬೇಡಿ. ಪಾಕಿಸ್ತಾನದಲ್ಲಿ ಆಗ ಪ್ರಧಾನಿ ಆಗಿದ್ದ ನವಾಜ್ ಷರೀಫ್‌ರನ್ನ ಸುಪ್ರೀಂ ಕೋರ್ಟ್ ಅನರ್ಹ ಮಾಡಿದ್ದು 2017ರ ಜುಲೈ 28ಕ್ಕೆ, ಪನಾಮಾ ಸ್ಟೋರಿ ಬಂದು ಒಂದು ವರ್ಷ ಕಳೆದ್ಮೇಲೆ. ಫಾಲೋಅಪ್ಪೂ ಬರತ್ತೆ, ನೋಟಿಸೂ ಬರತ್ತೆ, ಎರಡಕ್ಕೂ ಅದೇ ಫೈಲ್‌ಗಳು ಬೇಕು.