ಒನೊಮಿಚಿಗೆ ಹೋಗುವ ಮುನ್ನ ಸೂಟ್‌ಕೇಸನ್ನು ಬೇರೆ ಊರಿಗೆ ಕಳಿಸಿ

ಕಳೆದ ವರ್ಷ ನಮ್ಮ ಭಾವ ಜಪಾನಿನ ಒನೊಮಿಚಿಯಿಂದ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸಿದರು. ಸಮುದ್ರದ್ದಿರಬೇಕು ಅಂದುಕೊಂಡು ತೆರೆದೆ. ಕಲ್ಲಿನ ಮೆಟ್ಟಿಲು, ಅದರ ಬುಡದಲ್ಲಿ ಎರಡು ದೊಡ್ಡ ಸೂಟ್‌ಕೇಸು, ಒಂದರ ಮೇಲೆ ಕೂತ ನಮ್ಮಕ್ಕ. ಕೆಳಗೆ ಒಂದೇ ಸಾಲು: 'ಮನೆ ಮೇಲಿದೆಯಂತೆ.' ಟ್ಯಾಕ್ಸಿ ಅಲ್ಲಿಂದ ಮುಂದೆ ಹೋಗುವುದಿಲ್ಲ. ಬುಕ್ ಮಾಡುವಾಗ ಆ ಹಳೆಯ ಮರದ ಮನೆಯ ಜಗಲಿಯಿಂದ ಕಾಣುವ ಸಮುದ್ರವನ್ನು ನೋಡಿದ್ದರು, ಅಲ್ಲಿಗೆ ಹತ್ತುವ ದಾರಿಯನ್ನು ನೋಡಿರಲಿಲ್ಲ.

ಅವರೊಬ್ಬರೇ ಅಲ್ಲ. ಪರಿಚಯದವರಿಗೆ ಜಪಾನ್ ಪ್ರವಾಸದ ಪಟ್ಟಿ ಮಾಡಿಕೊಡುವ ಚಾಳಿ ನನಗಿದೆ. ಟೋಕಿಯೊ, ಕ್ಯೋಟೊದಲ್ಲಿ ಸಲೀಸಾಗಿ ಓಡಾಡಿದವರೂ ಇಂಥ ಸಣ್ಣ ಊರಿಗೆ ಬಂದಾಗ ಎಡವುತ್ತಾರೆ. ಹಾಗಾಗಿ ಒನೊಮಿಚಿಯನ್ನೇ ಇಟ್ಟುಕೊಂಡು ಬರೆಯುತ್ತೇನೆ.

ಊರಿನ ಬಗ್ಗೆ ಎರಡು ಮಾತು. ಹಿರೋಶಿಮಾ ಪ್ರಾಂತ್ಯದಲ್ಲಿ, ಸೆತೊ ಒಳಸಮುದ್ರದ ದಂಡೆಯಲ್ಲಿದೆ. 1169ರಲ್ಲಿ ಬಂದರಾಯಿತು. ಮುಂದೆ ನದಿಯಷ್ಟೇ ಅಗಲದ ಸಮುದ್ರ, ಹಿಂದೆ ಕಡಿದಾದ ಗುಡ್ಡ, ನಡುವಿನ ಪಟ್ಟಿಯಲ್ಲಿ ರೈಲು ಹಳಿ, ಅಂಗಡಿ ಬೀದಿ. ಗುಡ್ಡದ ಮೈತುಂಬ ಮನೆ, ದೇವಸ್ಥಾನ, ಮೆಟ್ಟಿಲು. ಮತ್ತೆ ಬೆಕ್ಕುಗಳು.

ಯಾವಾಗ ಹೋಗಬೇಕು

ದಸರಾ ರಜೆಗೆ ಹೋಗಿ. ಮಕ್ಕಳಿಗೆ ರಜೆ ಅಂತ ಏಪ್ರಿಲ್ ಕೊನೆಗೋ ಮೇ ಮೊದಲ ವಾರಕ್ಕೋ ಟಿಕೆಟ್ ತೆಗೆದರೆ ನೇರವಾಗಿ ಗೋಲ್ಡನ್ ವೀಕ್‌ಗೆ ಸಿಕ್ಕಿಹಾಕಿಕೊಳ್ಳುತ್ತೀರಿ. ಏಪ್ರಿಲ್ 29ರಿಂದ ಮೇ 5ರ ಸುಮಾರಿನವರೆಗೆ ಅಲ್ಲಿ ಸಾಲು ರಜೆ, ಇಡೀ ಜಪಾನೇ ಪ್ರವಾಸ ಹೊರಟಿರುತ್ತದೆ. ಜೂನ್, ಜುಲೈ ಮಳೆಗಾಲ. ಆಗಸ್ಟ್‌ನಲ್ಲಿ ಆ ಮೆಟ್ಟಿಲು ಹತ್ತಿದರೆ ಬೆವರಲ್ಲೇ ಸ್ನಾನ. ಏಪ್ರಿಲ್ ಮೊದಲ ವಾರದಲ್ಲಿ ಗುಡ್ಡದ ಮೇಲಿನ ಸೆನ್‌ಕೋಜಿ ಉದ್ಯಾನದಲ್ಲಿ ಚೆರಿ ಹೂ ಚೆನ್ನಾಗಿರುತ್ತದೆ, ಜನವೂ ಅಷ್ಟೇ ಚೆನ್ನಾಗಿರುತ್ತದೆ. ನನ್ನ ಮತ ಅಕ್ಟೋಬರ್‌ಗೇ.

ಟಿಕೆಟ್, ವೀಸಾ

ಬೆಂಗಳೂರಿನಿಂದ ಟೋಕಿಯೊದ ನರಿತಾಕ್ಕೆ ನೇರ ವಿಮಾನವಿದೆ. ವೀಸಾಕ್ಕೆ ದಿನವಾರು ಪಟ್ಟಿ ಕೊಡಬೇಕಾಗುತ್ತದೆ, ಅದಕ್ಕೆ ದುಡ್ಡು ಕಳೆಯದೆ ರದ್ದು ಮಾಡಬಹುದಾದ ಹೋಟೆಲನ್ನೇ ಮೊದಲು ಬುಕ್ ಮಾಡಿ. ಒಂದು ವಿಷಯ ಮಾತ್ರ ನೆನಪಿರಲಿ. 2024ರ ಏಪ್ರಿಲ್‌ನಿಂದ ನಮ್ಮವರಿಗೆ ಪ್ರವಾಸಿ ವೀಸಾ ಇ-ವೀಸಾ ಆಗಿದೆ. ಪಾಸ್‌ಪೋರ್ಟಿಗೆ ಚೀಟಿ ಅಂಟಿಸುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಮೊಬೈಲಿನಲ್ಲೇ, ಇಂಟರ್ನೆಟ್ ಆನ್ ಇಟ್ಟುಕೊಂಡು, ಆ ಪುಟ ತೆರೆದು ತೋರಿಸಬೇಕು. ಪ್ರಿಂಟ್, ಸ್ಕ್ರೀನ್‌ಶಾಟ್, ಪಿಡಿಎಫ್ ಯಾವುದೂ ನಡೆಯುವುದಿಲ್ಲ. ಇಳಿದ ಕೂಡಲೇ ನೆಟ್ ಸಿಗುವ ಹಾಗೆ ಇ-ಸಿಮ್ ಅನ್ನು ಮನೆಯಲ್ಲೇ ಹಾಕಿಸಿಕೊಳ್ಳಿ.

ಎಷ್ಟು ದಿನ

ಎರಡು ರಾತ್ರಿ. ಹಿರೋಶಿಮಾಗೆ ಹೋಗುವಾಗ ದಾರಿಯಲ್ಲಿ ಮೂರು ಗಂಟೆ ಇಳಿದು ನೋಡ್ತೀವಿ ಅನ್ನುವವರಿಗೆ ನಾನು ಪಟ್ಟಿ ಮಾಡಿಕೊಡುವುದಿಲ್ಲ.

ತಲುಪುವುದು

ಮೊದಲ ತಪ್ಪು ಇಲ್ಲಿ. ನಕ್ಷೆಯಲ್ಲಿ 'ಶಿನ್-ಒನೊಮಿಚಿ' ಅಂತ ಬುಲೆಟ್ ರೈಲಿನ ನಿಲ್ದಾಣ ಕಾಣುತ್ತದೆ. ಹೆಸರು ನೋಡಿ ಖುಷಿಯಾಗಿ ಅಲ್ಲಿಗೇ ಟಿಕೆಟ್ ತೆಗೆಯುತ್ತಾರೆ. ಅಲ್ಲಿ ನಿಲ್ಲುವುದು ಹೆಚ್ಚಾಗಿ ಎಲ್ಲ ಊರಿಗೂ ನಿಲ್ಲುತ್ತಾ ಹೋಗುವ ಕೊದಾಮಾ ರೈಲು. ವೇಗದ ನೊಝೊಮಿ ನಿಲ್ಲುವುದಿಲ್ಲ. ಇಳಿದ ಮೇಲೂ ಊರು ಇನ್ನೂ 3 ಕಿ.ಮೀ. ದೂರ, ಬಸ್ಸಿಗೆ ಕಾಯಬೇಕು.

ಅದರ ಬದಲು ಫುಕುಯಾಮಾದಲ್ಲಿ ಇಳಿಯಿರಿ. ನೊಝೊಮಿಯಲ್ಲೂ ಕೆಲವು ಮಾತ್ರ ಅಲ್ಲಿ ನಿಲ್ಲುತ್ತವೆ, ನೋಡಿ ಹತ್ತಿ. ಶಿನ್-ಒಸಾಕಾದಿಂದ ಸುಮಾರು ಒಂದು ಗಂಟೆ. ಬುಲೆಟ್ ರೈಲಿನ ಪ್ಲಾಟ್‌ಫಾರ್ಮಿನಿಂದಲೇ ಫುಕುಯಾಮಾ ಕೋಟೆ ಕಾಣುತ್ತದೆ. 1622ರ ಕೋಟೆ, 400 ವರ್ಷ ತುಂಬಿದಾಗ ದುರಸ್ತಿ ಮಾಡಿ ಹೊಸದರಂತೆ ಮಾಡಿದ್ದಾರೆ. ಅಲ್ಲಿಂದ ಸಾನ್‌ಯೊ ಮಾರ್ಗದ ಮಾಮೂಲಿ ರೈಲು ಹತ್ತಿದರೆ 20 ನಿಮಿಷಕ್ಕೆ ಒನೊಮಿಚಿ. ಎಡಗಡೆ ಕೂತುಕೊಳ್ಳಿ, ಊರು ಹತ್ತಿರ ಬಂದಾಗ ಸಮುದ್ರ ಕಿಟಕಿಗೇ ಬರುತ್ತದೆ.

ಸುಮ್ನೆ ಜೆಆರ್ ಪಾಸ್ (ಜಪಾನ್ ರೈಲುಗಳಲ್ಲಿ ಇಷ್ಟು ದಿನ ಓಡಾಡಲು ಪ್ರವಾಸಿಗರಿಗೆ ಕೊಡುವ ಒಟ್ಟು ಟಿಕೆಟ್) ಕೊಳ್ಳಬೇಡಿ. ಏಳು ದಿನದ ಪಾಸ್ 2023ರ ಅಕ್ಟೋಬರ್‌ನಲ್ಲಿ 29,650 ಯೆನ್‌ನಿಂದ ಒಂದೇ ಸಲ 50,000ಕ್ಕೆ ಏರಿತು. ಹಳೆಯ ವಿಡಿಯೊ ನೋಡಿದವರು ಈಗಲೂ ಅದನ್ನೇ ಕೊಳ್ಳಿ ಅಂತಾರೆ. ಅದರಲ್ಲಿ ನೊಝೊಮಿ ಹತ್ತಬೇಕಾದರೆ ಮತ್ತೆ ಮೇಲೆ ಹಣ ಕಟ್ಟಬೇಕು. ನಿಮ್ಮ ರೈಲುಗಳ ದರ ಕೂಡಿ ನೋಡಿ, ಆಮೇಲೆ ಯೋಚಿಸಿ.

ಸೂಟ್‌ಕೇಸ್ (ಇದನ್ನು ಎರಡು ಸಲ ಓದಿ)

ಜಪಾನಿನಲ್ಲಿ 'ತಕ್ಕ್ಯೂಬಿನ್' ಅಂತ ಒಂದು ವ್ಯವಸ್ಥೆ ಇದೆ. ನಿಮ್ಮ ಪೆಟ್ಟಿಗೆಯನ್ನು ಒಂದು ಹೋಟೆಲಿನಿಂದ ಇನ್ನೊಂದು ಹೋಟೆಲಿಗೆ ತಲುಪಿಸುತ್ತಾರೆ. ಇದರಲ್ಲಿ ಹೆಸರುವಾಸಿ ಯಮಾತೊ ಕಂಪನಿ. ಹಳದಿ ಹಿನ್ನೆಲೆಯಲ್ಲಿ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡ ಕಪ್ಪು ಬೆಕ್ಕು ಅವರ ಗುರುತು. ತಾಯಿಬೆಕ್ಕು ಮರಿ ಸಾಗಿಸುವಷ್ಟೇ ಜೋಪಾನ ಎಂದು ಅರ್ಥ ಮಾಡಿಕೊಳ್ಳಬಹುದು. ನನ್ನ ಅನುಭವದಲ್ಲಿ ಅದು ನಿಜ.

ಹೆಚ್ಚಿನವರು ಮಾಡುವ ಎಡವಟ್ಟು ಏನೆಂದರೆ ಪೆಟ್ಟಿಗೆಯನ್ನು ಒನೊಮಿಚಿಗೇ ಕಳಿಸುವುದು. ಬೇಡ. ಒನೊಮಿಚಿ ಆದ ಮೇಲೆ ಯಾವ ಊರಿಗೆ ಹೋಗುತ್ತೀರೋ ಆ ಊರಿನ ಹೋಟೆಲಿಗೆ ಕಳಿಸಿ. ಉದಾಹರಣೆಗೆ ಒಸಾಕಾ, ಒನೊಮಿಚಿ, ಹಿರೋಶಿಮಾ ನಿಮ್ಮ ಸಾಲಾದರೆ, ಒಸಾಕಾದ ಹೋಟೆಲಿನಿಂದ ಪೆಟ್ಟಿಗೆ ನೇರ ಹಿರೋಶಿಮಾಗೆ. ನಿಮ್ಮ ಬೆನ್ನ ಮೇಲೆ ಎರಡು ದಿನದ ಬಟ್ಟೆ, ಔಷಧಿ, ಪಾಸ್‌ಪೋರ್ಟ್, ಚಾರ್ಜರ್, ಚಟ್ನಿಪುಡಿ. ಅಷ್ಟೇ.

ಮಾಡುವ ಕ್ರಮ ಹೀಗೆ. ಹೊರಡುವ ಎರಡು ಮೂರು ದಿನ ಮೊದಲು ಹಿರೋಶಿಮಾದ ಹೋಟೆಲಿಗೆ ಮೇಲ್ ಹಾಕಿ: ನಮ್ಮ ಪೆಟ್ಟಿಗೆ ಮೊದಲೇ ಬರುತ್ತದೆ, ಇಟ್ಟುಕೊಳ್ಳುತ್ತೀರಾ ಅಂತ. ಬಹುತೇಕ ಹೋಟೆಲುಗಳು ಹೂಂ ಅನ್ನುತ್ತವೆ. ಬಾಡಿಗೆ ಮನೆಯಾದರೆ ಪೆಟ್ಟಿಗೆ ಪಡೆದುಕೊಳ್ಳಲು ಯಾರೂ ಇರುವುದಿಲ್ಲ, ಅಲ್ಲಿಗೆ ಕಳಿಸಬೇಡಿ. ಹೊರಡುವ ದಿನ ಬೆಳಿಗ್ಗೆ ಒಸಾಕಾದ ಹೋಟೆಲಿನ ಕೌಂಟರಿನಲ್ಲಿ ಒಂದು ಚೀಟಿ ಕೊಡುತ್ತಾರೆ. ಅದರಲ್ಲಿ ತಲುಪಬೇಕಾದ ಹೋಟೆಲಿನ ಹೆಸರು, ವಿಳಾಸ, ಫೋನ್ ನಂಬರ್ ಬರೆಯಬೇಕು. ಜೊತೆಗೆ ಇನ್ನೆರಡು: ನೀವು ಅಲ್ಲಿಗೆ ಹೋಗುವ ತಾರೀಖು ಮತ್ತು ರೂಮ್ ಯಾರ ಹೆಸರಿನಲ್ಲಿ ಬುಕ್ ಆಗಿದೆ ಅನ್ನುವುದು. ನಮ್ಮವರು ತಪ್ಪುವುದು ಈ ಕೊನೆಯದರಲ್ಲಿ. ರೂಮ್ ಮಗನ ಹೆಸರಿನಲ್ಲಿ, ಪೆಟ್ಟಿಗೆ ಅಪ್ಪನ ಹೆಸರಿನಲ್ಲಿ, ಅಪ್ಪನಿಗೆ ಇನಿಶಿಯಲ್ ಮೂರು. ಹೋಟೆಲಿನವರಿಗೆ ಇದು ಯಾರದ್ದು ಅಂತ ತಿಳಿಯುವುದು ಹೇಗೆ? ಪಾಸ್‌ಪೋರ್ಟಿನಲ್ಲಿ ಇರುವ ಹಾಗೆ, ಬುಕಿಂಗಿನ ಹೆಸರನ್ನೇ ಬರೆಯಿರಿ.

ಸಾಮಾನ್ಯವಾಗಿ ಮರುದಿನ ತಲುಪುತ್ತದೆ. ತಾರೀಖನ್ನು ನೀವೇ ಗೊತ್ತು ಮಾಡಬಹುದು, ಹಾಗಾಗಿ ನೀವು ತಲುಪುವ ದಿನವನ್ನೇ ಬರೆದರೆ ಹೋಟೆಲಿನವರಿಗೂ ಭಾರ ಆಗುವುದಿಲ್ಲ. ಚೀಟಿಯ ನಿಮ್ಮ ಪ್ರತಿಯ ಫೋಟೊ ತೆಗೆದಿಟ್ಟುಕೊಳ್ಳಿ.

ದುಡ್ಡು ಉಳಿಸೋಣ, ರೈಲಿನಲ್ಲೇ ಒಯ್ಯೋಣ ಅನ್ನುವವರಿಗೆ: ಉದ್ದ, ಅಗಲ, ಎತ್ತರ ಕೂಡಿದರೆ 160 ಸೆಂ.ಮೀ. ದಾಟುವ ಪೆಟ್ಟಿಗೆಗೆ ಈ ಮಾರ್ಗದ ಬುಲೆಟ್ ರೈಲಿನಲ್ಲಿ ಜಾಗವಿರುವ ಸೀಟನ್ನು ಮೊದಲೇ ಕಾದಿರಿಸಬೇಕು. ಇಲ್ಲದಿದ್ದರೆ 1,000 ಯೆನ್ ದಂಡ. ಆಮೇಲೆ ಮೆಟ್ಟಿಲು ಹೇಗೂ ಇದ್ದೇ ಇದೆ.

ಎಲ್ಲಿ ಉಳಿಯಬೇಕು

ವಯಸ್ಸಾದವರು ಜೊತೆಗಿದ್ದರೆ ನಿಲ್ದಾಣದ ಆಸುಪಾಸಿನಲ್ಲಿ, ಸಮತಟ್ಟು ಜಾಗದಲ್ಲಿ ಉಳಿಯಿರಿ. ಗುಡ್ಡದ ಮನೆಯೇ ಬೇಕೆಂದರೆ ಬೆಳಕಿರುವಾಗ ತಲುಪಿ. ಅಕ್ಟೋಬರ್‌ನಲ್ಲಿ ಆರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ಗಲ್ಲಿಗಳು ಒಂದರಂತೆ ಇನ್ನೊಂದು. ಮೊಬೈಲ್ ನಕ್ಷೆ '400 ಮೀಟರ್' ಅನ್ನುತ್ತದೆ, ಮೆಟ್ಟಿಲಿನ ಲೆಕ್ಕ ಕೊಡುವುದಿಲ್ಲ. ಸೈಕಲ್ ಹುಚ್ಚಿನವರಿಗೆ ದಂಡೆಯ ಹಳೆಯ ಗೋದಾಮನ್ನು 2014ರಲ್ಲಿ ಹೋಟೆಲ್ ಮಾಡಿದ ಯು2 ಇದೆ. ರೂಮಿನೊಳಗೇ ಸೈಕಲ್ ಒಯ್ಯಬಹುದು.

ಊಟ

ಒನೊಮಿಚಿ ರಾಮೆನ್ ಅನ್ನುವ ಸಾರಿನ ನೂಡಲ್ಸ್‌ಗೆ ಹೆಸರಾದ ಊರು. ಸೋಯಾ ಸಾಸಿನ ಸಾರು, ಮೇಲೆ ತೇಲುವ ಹಂದಿಕೊಬ್ಬಿನ ತುಣುಕು. ತಿನ್ನುವವರು ಬೆಳಿಗ್ಗೆ ಹನ್ನೊಂದಕ್ಕೇ ಸಾಲಿನಲ್ಲಿ ನಿಂತುಕೊಳ್ಳಿ.

ಸಸ್ಯಾಹಾರಿಗಳಿಗೆ ಕಷ್ಟ ಬರುವುದು 'ದಾಶಿ'ಯಿಂದ. ಸಾಮಾನ್ಯವಾಗಿ ಒಣಮೀನು ಬೇಯಿಸಿ ತೆಗೆದ ತಿಳಿಸಾರು ಅದು. ಮಿಸೊ ಸೂಪು, ಉದೋನ್ ನೂಡಲ್ಸ್, ಬೇಯಿಸಿದ ತರಕಾರಿ, ಹೆಚ್ಚುಕಡಿಮೆ ಎಲ್ಲದರಲ್ಲೂ ಇರುತ್ತದೆ. 'ವೆಜಿಟೇರಿಯನ್' ಅಂದರೆ ಮಾಂಸದ ತುಂಡು ತೆಗೆದು ಅದೇ ಸಾರು ಕೊಡುತ್ತಾರೆ. ಅವರ ಲೆಕ್ಕದಲ್ಲಿ ಅದು ತಪ್ಪಲ್ಲ. 'ನಿಕು, ಸಕಾನಾ, ದಾಶಿ, ನಾಶಿ ದೆ' ಅನ್ನಿ. ಮಾಂಸ, ಮೀನು, ದಾಶಿ ಇಲ್ಲದೆ ಅಂತ ಅರ್ಥ. ಇದನ್ನೇ ಜಪಾನಿ ಲಿಪಿಯಲ್ಲಿ ಬರೆಸಿ ಮೊಬೈಲಿನಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಆಗಲ್ಲ ಅಂದರೆ ವಾದ ಮಾಡಬೇಡಿ, ಸಣ್ಣ ಅಂಗಡಿ, ಒಂದೇ ಪಾತ್ರೆ ಸಾರು.

ನನ್ನ ಉಪಾಯ ಬೇರೆ. ಸೂಪರ್‌ಮಾರ್ಕೆಟ್ಟಿನಲ್ಲಿ ಬೇಯಿಸಿದ ಅನ್ನದ ಡಬ್ಬಿ ಸಿಗುತ್ತದೆ, ಮೈಕ್ರೊವೇವ್‌ನಲ್ಲಿ ಎರಡು ನಿಮಿಷ. ಪುಳಿಯೋಗರೆ ಗೊಜ್ಜು ಕಲಸಿದರೆ ರಾತ್ರಿಯ ಊಟ ಮುಗಿಯಿತು. ಮೊಸರೂ ಸಿಗುತ್ತದೆ, ಸಕ್ಕರೆ ಹಾಕದ್ದು ಯಾವುದು ಅಂತ ನೋಡಿ ಕೊಳ್ಳಿ. ಅಕ್ಕನ ಮನೆಯವರು ಸಕ್ಕರೆ ಮೊಸರಿನಲ್ಲಿ ಮೊಸರನ್ನ ಮಾಡಿದ ಕತೆ ಇಲ್ಲಿ ಬೇಡ. ಊರಿನಿಂದ ಒಯ್ಯುವಾಗ ಹಸಿ ಕರಿಬೇವು, ಮಾವಿನಹಣ್ಣು, ವೀಳ್ಯದೆಲೆ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ.

ಇನ್ನೊಂದು, ಇಲ್ಲಿಂದ ಎಲೆಕ್ಟ್ರಿಕ್ ಕೆಟಲ್ ಒಯ್ಯುವವರಿದ್ದಾರೆ. ದಂಡ. ಅಲ್ಲಿನ ಕರೆಂಟು 100 ವೋಲ್ಟ್. ನಮ್ಮ 230 ವೋಲ್ಟಿನ ಕೆಟಲ್‌ಗೆ ಅಲ್ಲಿ ಐದನೇ ಒಂದು ಭಾಗದಷ್ಟೇ ಕಾವು ಬರುತ್ತದೆ. ನೀರು ಕುದಿಯುವಷ್ಟರಲ್ಲಿ ನಿದ್ದೆ ಬಂದಿರುತ್ತದೆ. ಎರಡು ಚಪ್ಪಟೆ ಕಡ್ಡಿಯ ಸಾದಾ ಅಡಾಪ್ಟರ್ ಸಾಕು. ಇಟ್ಟಿಗೆಯಷ್ಟು ಭಾರದ 'ಜಗತ್ತಿಗೆಲ್ಲ ಒಂದೇ' ಅಡಾಪ್ಟರ್ ಗೋಡೆಯ ಪ್ಲಗ್ಗಿನಿಂದ ಜೋತುಬಿದ್ದು ಕೆಳಗೆ ಬೀಳುತ್ತದೆ.

ಗುಡ್ಡದ ದಿನ

ರೋಪ್‌ವೇಯಲ್ಲಿ ಹತ್ತಿ, ನಡೆದು ಇಳಿಯಿರಿ. ಉಲ್ಟಾ ಮಾಡಬೇಡಿ. ಮೂರು ನಿಮಿಷಕ್ಕೆ ಮೇಲೆ. ಅಲ್ಲಿಂದ ಕೆಳಗೆ ಬಂದರೆ ಸೆನ್‌ಕೋಜಿ ದೇವಸ್ಥಾನ, 806ರಲ್ಲಿ ಆದದ್ದೆಂದು ಹೇಳುತ್ತಾರೆ. ಅದರ ಕೆಳಗೆ ಬೆಕ್ಕಿನ ಗಲ್ಲಿ, ತೆನ್ನೇಯ್‌ಜಿಯ ಗೋಪುರ. 1388ರಲ್ಲಿ ಐದು ಅಂತಸ್ತಿನದ್ದಾಗಿ ಕಟ್ಟಿದ್ದರು, ಆಮೇಲೆ ಮೇಲಿನ ಎರಡು ತೆಗೆದು ಮೂರು ಮಾಡಿದರು. ಗೋಪುರ, ಅದರ ಹಿಂದೆ ಹೆಂಚಿನ ಮಾಡುಗಳು, ಅದರಾಚೆ ಸಮುದ್ರ: ಎಲ್ಲರೂ ತೆಗೆಯುವ ಫೋಟೊ ಇದೇ, ನೀವೂ ತೆಗೆಯಿರಿ. ಗುಡ್ಡದ ಉದ್ದಕ್ಕೂ 25 ದೇವಸ್ಥಾನಗಳ ನಡಿಗೆಯ ದಾರಿ ಇದೆ. ಇಪ್ಪತ್ತೈದನ್ನೂ ಮುಗಿಸುವ ಹಟ ಬೇಡ, ಐದು ಸಾಕು.

ಸಂಜೆ ಐದರ ಮೇಲೆ ಅಂಗಡಿ ಬೀದಿ ತಣ್ಣಗಾಗುತ್ತದೆ. ಎಷ್ಟೋ ಅಂಗಡಿಗಳಿಗೆ ವಾರದ ನಡುವೆ ರಜೆ. ಶಾಪಿಂಗ್ ಮಧ್ಯಾಹ್ನವೇ ಮುಗಿಸಿ. ಕೈಯಲ್ಲಿ ಚಿಲ್ಲರೆ ಇರಲಿ. ಕಾರ್ಡಿನಿಂದ ಹಣ ಬೇಕಾದರೆ ಸೆವೆನ್-ಇಲೆವೆನ್ ಅಂಗಡಿಯ ಎಟಿಎಂಗೆ ಹೋಗಿ.

ಸೈಕಲ್ ದಿನ

ಒನೊಮಿಚಿಯಿಂದ ಶಿಕೊಕು ದ್ವೀಪದ ಇಮಾಬಾರಿವರೆಗೆ ಆರು ದ್ವೀಪಗಳನ್ನು ದಾಟಿ ಹೋಗುವ ಸೇತುವೆಗಳ ದಾರಿ ಶಿಮಾನಾಮಿ ಕಾಯ್ದೊ, ಸೈಕಲಿಗೆ ಸುಮಾರು 70 ಕಿ.ಮೀ. 1999ರಲ್ಲಿ ಶುರುವಾಯಿತು. ರಸ್ತೆಯ ಮೇಲೆ ನೀಲಿ ಗೆರೆ ಎಳೆದಿದ್ದಾರೆ, ಅದನ್ನು ಹಿಡಿದು ಹೋದರೆ ದಾರಿ ತಪ್ಪುವ ಮಾತಿಲ್ಲ. ನಮ್ಮ ಹಾಗೇ ಎಡಗಡೆ ಓಡಿಸುವುದು.

ವಾರಕ್ಕೊಂದು ಸಲ ಲಾಲ್‌ಬಾಗಿನ ಸುತ್ತ ಸೈಕಲ್ ಹೊಡೆಯುವವರು ಎಪ್ಪತ್ತಕ್ಕೂ ಕೈ ಹಾಕಬೇಡಿ. ಇಕುಚಿಜಿಮಾ ದ್ವೀಪದ ಸೆತೊದಾವರೆಗೆ ಹೋಗಿ, 30 ಕಿ.ಮೀ. ಆಗುತ್ತದೆ. ಮೊದಲ ದ್ವೀಪ ಮುಕಾಯ್‌ಶಿಮಾಕ್ಕೆ ಸೇತುವೆ ಮೇಲೆ ಹೋಗಬೇಡಿ, ಅದು ಇಕ್ಕಟ್ಟು. ದಂಡೆಯಿಂದ ಫೆರಿ ಹತ್ತಿ, ಐದು ನಿಮಿಷ. ಮುಂದಿನ ಇನ್ನೊಶಿಮಾ ಸೇತುವೆಯಲ್ಲಿ ಕಾರುಗಳು ತಲೆಯ ಮೇಲೆ, ಸೈಕಲ್ ಅದರ ಕೆಳಗಿನ ಅಂತಸ್ತಿನಲ್ಲಿ. ಪ್ರತಿ ಸೇತುವೆಗೂ ಏರುದಾರಿ ಇದೆ, ಆದರೆ ಸುತ್ತಿ ಸುತ್ತಿ ಹೋಗುವುದರಿಂದ ಮೆಲ್ಲಗೆ ಏರುತ್ತದೆ.

ಸೆತೊದಾ ಲಿಂಬೆಯ ಊರು. ಅಕ್ಟೋಬರ್‌ನಲ್ಲಿ ಹೋದರೆ ಹಸಿರು ಲಿಂಬೆ ಸಿಗುತ್ತದೆ. ಒಬ್ಬ ಉದ್ಯಮಿ ತಾಯಿಯ ನೆನಪಿಗೆ ಕಟ್ಟಿಸಿದ ಕೋಸಾನ್‌ಜಿ ಅನ್ನುವ ಬಣ್ಣಬಣ್ಣದ ದೇವಸ್ಥಾನವಿದೆ, ಹಿಂದೆ ಇಟಲಿಯ ಬಿಳಿ ಅಮೃತಶಿಲೆಯ ಇಡೀ ಒಂದು ಗುಡ್ಡ. ಬಿಸಿಲಿದ್ದರೆ ಕಪ್ಪು ಕನ್ನಡಕ ಬೇಕೇ ಬೇಕು.

ಸೈಕಲ್ ಬಾಡಿಗೆಗೆ ಪಡೆಯುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಎಲ್ಲಿ ವಾಪಸ್ ಕೊಡಬಹುದು, ಎಷ್ಟು ಗಂಟೆಯೊಳಗೆ? ಮಾಮೂಲಿ ಸೈಕಲಿಗೆ ಒಂದು ನಿಯಮ, ಬ್ಯಾಟರಿಯದ್ದಕ್ಕೆ ಬೇರೆ ಇರಬಹುದು. ವಾಪಸ್ ಬರಲು ಸೆತೊದಾದಿಂದ ಒನೊಮಿಚಿಗೆ ದೋಣಿ ಇದೆ, ಸುಮಾರು 40 ನಿಮಿಷ, ಸೈಕಲನ್ನೂ ಹತ್ತಿಸಿಕೊಳ್ಳುತ್ತಾರೆ. ಆದರೆ ದಿನಕ್ಕೆ ಕೆಲವೇ ದೋಣಿ. ಬೆಳಿಗ್ಗೆ ಹೊರಡುವ ಮುಂಚೆಯೇ ಒನೊಮಿಚಿ ದಕ್ಕೆಯಲ್ಲಿ ಹಾಕಿರುವ ವೇಳಾಪಟ್ಟಿಯ ಫೋಟೊ ತೆಗೆದುಕೊಳ್ಳಿ, ಕೊನೆಯದರ ಹಿಂದಿನ ದೋಣಿಗೆ ಹೊಂದಿಸಿಕೊಳ್ಳಿ. ಭಾವ ಕೊನೆಯದನ್ನೇ ನಂಬಿ, ಲಿಂಬೆ ಐಸ್‌ಕ್ರೀಮಿನ ಸಾಲಿನಲ್ಲಿ ನಿಂತು ಅದನ್ನೂ ತಪ್ಪಿಸಿಕೊಂಡರು. ಮತ್ತೆ 30 ಕಿ.ಮೀ. ತುಳಿದು, ಕತ್ತಲಲ್ಲಿ ಫೆರಿ ಇಳಿದು, ಆ ಮೆಟ್ಟಿಲುಗಳನ್ನು ಹತ್ತಿದರು. ಈ ಸಲ ಫೋಟೊ ಬರಲಿಲ್ಲ.